ಬಿಸಿನೆಸ್ ಮಗನದು, ಸಹಿ ಅಪ್ಪನದು

ಹನ್ನೆರಡನೇ ತರಗತಿ ರಿಸಲ್ಟ್ ಬಂದರೆ ಸಾಕು, ಮಾಟುಂಗಾದ ನನ್ನ ಆಫೀಸಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ: "ಹುಡುಗನಿಗೆ 18 ಆಗಿಲ್ಲ, ಬಿಸಿನೆಸ್ ಶುರು ಮಾಡಬಹುದಾ ಸಿಎ ಸಾಹೇಬರೇ?" ಪ್ಯಾನ್ ಅಂದರೇನು, ಕರೆಂಟ್ ಅಕೌಂಟ್ ಅಂದರೇನು ಅಂತ ಇಲ್ಲಿ ಹೇಳುತ್ತ ಕೂರುವುದಿಲ್ಲ. ಅಷ್ಟೂ ಗೊತ್ತಿಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ.

ಪ್ರಶ್ನೆ: ನನ್ನ ಮಗನಿಗೆ 17. ಟೀ ಶರ್ಟ್ ಮೇಲೆ ಕನ್ನಡದ ಸಾಲು ಪ್ರಿಂಟ್ ಹಾಕಿಸಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತಾನೆ. ನವೆಂಬರ್‌ಗೆ ಬೆಂಗಳೂರು, ಹುಬ್ಬಳ್ಳಿಯಿಂದ ಆರ್ಡರ್ ಬಂದಿವೆ. ನನ್ನದು ಸ್ಟೇಷನರಿ ಅಂಗಡಿ, ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿದೆ. ಅದೇ ನಂಬರಿನಲ್ಲಿ ಬಿಲ್ ಮಾಡಿದರೆ ಆಯ್ತಲ್ವಾ? (ಡೊಂಬಿವಲಿ)

ಆಗಲಿಲ್ಲ. ಆ ಬಿಲ್ ಪುಸ್ತಕ ಮೊದಲು ಕಪಾಟಿಗೆ ಹಾಕಿ ಬೀಗ ಹಾಕಿ.

ಗೋಡೆಗೆ ನೇತುಹಾಕಿರುವ ನಿಮ್ಮ ಜಿಎಸ್‌ಟಿ ಸರ್ಟಿಫಿಕೇಟ್ ನೋಡಿ. ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು 27, ಅಂದರೆ ಮಹಾರಾಷ್ಟ್ರ. ಮುಂದಿನ ಹತ್ತು ನಿಮ್ಮ ಪ್ಯಾನ್. ಮಗ ಮಾರಿದ ಪ್ರತಿ ಟೀ ಶರ್ಟ್ ನಿಮ್ಮ ಪ್ಯಾನ್ ಮೇಲೆ ನಿಮ್ಮದೇ ವ್ಯಾಪಾರ. ನೋಟ್‌ಬುಕ್ಕು, ಪೆನ್ನು, ಟೀ ಶರ್ಟು, ಎಲ್ಲ ಒಂದೇ ಗಲ್ಲಾಪೆಟ್ಟಿಗೆಗೆ.

ಇನ್ನು ಕಾಂಪೊಸಿಷನ್, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ. ನೀವು ವ್ಯಾಪಾರದ ಮೇಲೆ ಶೇಕಡಾ 1 ಕಟ್ಟಿ ಆರಾಮಾಗಿದ್ದೀರಿ. ಆ ಆರಾಮಕ್ಕೊಂದು ಷರತ್ತಿದೆ: ಸರಕು ರಾಜ್ಯದಾಚೆ ಮಾರುವಂತಿಲ್ಲ. ಹುಬ್ಬಳ್ಳಿಗೆ ಒಂದೇ ಒಂದು ಟೀ ಶರ್ಟ್ ಕೊರಿಯರ್ ಮಾಡಿದಿರೋ, ಅಂದಿನಿಂದ ನಿಮ್ಮ ಸ್ಟೇಷನರಿ ಅಂಗಡಿಯೂ ಸಾಮಾನ್ಯ ದರಕ್ಕೆ ಬಂತು. ಮಗನ ನವೆಂಬರ್ ಉತ್ಸಾಹಕ್ಕೆ ಅಪ್ಪನ ಅಂಗಡಿ ದಂಡ ತೆರಬೇಕು. ಇದನ್ನು ಹೇಳಿದಾಗಲೆಲ್ಲ ಅಪ್ಪಂದಿರು ನನ್ನನ್ನೇ ದುರುಗುಟ್ಟಿ ನೋಡುತ್ತಾರೆ, ಕಾನೂನು ಬರೆದವನು ನಾನೇ ಅನ್ನುವ ಹಾಗೆ.

ಮಾಡಬೇಕಾದ್ದು ಇಷ್ಟು. ಮನೆಯಾಕೆ ಹೆಸರಲ್ಲಿ ಬೇರೆ ವ್ಯಾಪಾರವಿಲ್ಲದಿದ್ದರೆ ಆಕೆಯ ಪ್ಯಾನ್‌ನಲ್ಲಿ ಶುರು ಮಾಡಿ. ಮಹಾರಾಷ್ಟ್ರದೊಳಗೆ ನೇರವಾಗಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಕರ್ನಾಟಕಕ್ಕೆ ಕಳಿಸಲೇಬೇಕು ಅಂದರೆ ಮೊದಲ ಟೀ ಶರ್ಟಿಗೂ ನೋಂದಣಿ ಬೇಕು. ಅದು ಆಕೆಯ ಹೆಸರಿನಲ್ಲಿ, ಕಾಂಪೊಸಿಷನ್ ಇಲ್ಲದೆ. ಲಾಭ ಆಕೆಯ ಆದಾಯ, ರಿಟರ್ನ್ ಆಕೆಯದು, ಸಾಲ ಆದರೆ ಅದೂ ಆಕೆಯದು. ಆಕೆಗೆ ಇದೆಲ್ಲ ಗೊತ್ತಿರಲಿ. "ಸುಮ್ನೆ ಇಲ್ಲೊಂದು ಸಹಿ ಹಾಕು" ಅಂತ ಒಗ್ಗರಣೆ ಹಾಕುತ್ತಿರುವವರ ಮುಂದೆ ಕಾಗದ ಹಿಡಿಯಬೇಡಿ. ಕ್ಯೂಆರ್ ಕೋಡ್ ಕೂಡ ಆಕೆಯ ಅಕೌಂಟಿನದೇ ಇರಲಿ, ನಿಮ್ಮದಲ್ಲ.

ಇದೇ ಮಾತು ಸರ್ಕಾರಿ ನೌಕರಿಯಲ್ಲಿರುವ ಅಪ್ಪಂದಿರಿಗೂ. ಅನುಮತಿಯಿಲ್ಲದೆ ನಿಮ್ಮ ಹೆಸರಲ್ಲಿ ವ್ಯಾಪಾರ ಮಾಡುವಂತಿಲ್ಲ. ಕೇಂದ್ರ ಸರ್ಕಾರದ ನೌಕರರಾದರೆ ಮನೆಯವರು ವ್ಯಾಪಾರ ಮಾಡಿದರೂ ಇಲಾಖೆಗೆ ತಿಳಿಸಬೇಕು.

ಮಗನೇ ಎಲ್ಲಕ್ಕೂ ಸಹಿ ಹಾಕಿದರೆ? 1872ರ ಕರಾರು ಕಾಯಿದೆ ಪ್ರಕಾರ 18 ತುಂಬದವರು ಕರಾರು ಮಾಡುವಂತಿಲ್ಲ. ಅಂಥ ಕರಾರು ಮೊದಲಿಂದಲೇ ಶೂನ್ಯ ಅಂತ 1903ರಲ್ಲಿ ಮೋಹರಿ ಬೀಬಿ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ಹೇಳಿಯಾಯಿತು. ಇದನ್ನು ಕೇಳಿದ ಕೆಲವು ಜಾಣರು "ಹಾಗಾದರೆ ಹುಡುಗನ ಮೇಲೆ ಯಾರೂ ಕೇಸ್ ಹಾಕುವಂತಿಲ್ಲ, ಒಳ್ಳೇದೇ ಆಯ್ತು" ಅನ್ನುತ್ತಾರೆ. ಅಲ್ರೀ, ಆ ಕತ್ತಿ ಎರಡೂ ಕಡೆ ಕೊಯ್ಯುತ್ತದೆ.

ಒಮ್ಮೆ ತಾಯಿ, ಮಗ ಬಂದಿದ್ದರು. ಹುಡುಗನಿಗೆ 17 ವರ್ಷ 4 ತಿಂಗಳು. ಮೊಬೈಲ್ ಕವರ್ ಮಾರಲು ಸಣ್ಣದೊಂದು ಗಾಳೆ (ಅಂಗಡಿ ಮಳಿಗೆ) ಬಾಡಿಗೆಗೆ ಹಿಡಿದಿದ್ದ. 500 ರೂಪಾಯಿ ಸ್ಟಾಂಪ್ ಪೇಪರ್, ನೋಟರಿಯ ಕೆಂಪು ಸೀಲು, ಕೆಳಗೆ ಮಗನ ಸಹಿ. ಸಹಿಯ 'ಆರ್'ಗೆ ಬಾಲ ಬೇರೆ, ಎಷ್ಟು ಸಲ ಪ್ರಾಕ್ಟೀಸ್ ಮಾಡಿದ್ದನೋ ಪಾಪ. ಮಾಲೀಕ ಎರಡೇ ತಿಂಗಳಿಗೆ ಖಾಲಿ ಮಾಡಿಸಿದ್ದ, ಡಿಪಾಸಿಟ್ ಕೊಡುತ್ತಿರಲಿಲ್ಲ. ಕರಾರಿನಲ್ಲಿ ಡಿಪಾಸಿಟ್ ವಾಪಸಿನ ಷರತ್ತು ಚೆನ್ನಾಗಿಯೇ ಇತ್ತು. ಆದರೆ ಕರಾರೇ ಇಲ್ಲದ ಮೇಲೆ ಷರತ್ತು ಎಲ್ಲಿಂದ ಬಂತು? ಬೇರೆ ದಾರಿ ಹಿಡಿಯಬೇಕಾಯಿತು, ವಕೀಲರ ಫೀಸು ಜಾಸ್ತಿ. "18 ಆದ ಮೇಲೆ ಅದೇ ಕಾಗದಕ್ಕೆ ಇನ್ನೊಂದು ಸಹಿ ಹಾಕಿದರೆ?" ಅಂತ ತಾಯಿ ಕೇಳಿದರು. ಅದೂ ನಡೆಯುವುದಿಲ್ಲ. ಹೊಸ ಕರಾರೇ ಆಗಬೇಕು.

ಪ್ರಶ್ನೆ: 16 ವರ್ಷದ ಮಗಳನ್ನು ನಮ್ಮ ಪಾರ್ಟ್‌ನರ್‌ಶಿಪ್ ಫರ್ಮಿಗೆ ಸೇರಿಸಬಹುದೇ? (ಠಾಣೆ)

ಪಾಲುದಾರಳಾಗಿ ಅಲ್ಲ, ಲಾಭದಲ್ಲಿ ಪಾಲಿಗೆ ಮಾತ್ರ. ಅದಕ್ಕೂ ಎಲ್ಲ ಪಾಲುದಾರರು ಒಪ್ಪಬೇಕು. 18 ತುಂಬಿ ಆರು ತಿಂಗಳೊಳಗೆ ಇರುತ್ತೇನೋ ಇಲ್ಲವೋ ಅಂತ ಆಕೆ ಸಾರ್ವಜನಿಕ ನೋಟಿಸ್ ಕೊಡಬೇಕು. ಸುಮ್ಮನಿದ್ದರೆ ಪೂರ್ತಿ ಪಾಲುದಾರಳೇ ಆದಳು, ಸಾಲದ ಸಮೇತ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.

ಪ್ರಶ್ನೆ: ಶಿಶು ಮುದ್ರಾ ಸಾಲ ಮಕ್ಕಳಿಗಲ್ಲವೇ? (ಘಾಟ್ಕೋಪರ್)

ಅಲ್ಲ! ಮುದ್ರಾ ಅಂದರೆ ಸಣ್ಣ ಉದ್ದಿಮೆಗಳಿಗೆ ಸಾಲ ಕೊಡಿಸುವ ಸರ್ಕಾರಿ ಯೋಜನೆ. ಅದರಲ್ಲಿ ಶಿಶು ಅಂದರೆ 50,000 ರೂಪಾಯಿವರೆಗಿನ ಸಾಲ. ಹೆಸರು ಸಾಲದ ಗಾತ್ರದ್ದು, ಸಾಲಗಾರನ ವಯಸ್ಸಿನದಲ್ಲ. ಅದರ ಮೇಲಿನ ಹಂತವಾದ ಕಿಶೋರ್ ಕೂಡ ಹಾಗೇ.

ಪ್ರಶ್ನೆ: ಉದ್ಯಮ್ ನೋಂದಣಿಗೆ ಏಜೆಂಟ್ 2,500 ಕೇಳುತ್ತಿದ್ದಾನೆ. ವಯಸ್ಸಿನದೂ "ಅಡ್ಜಸ್ಟ್" ಮಾಡುತ್ತಾನಂತೆ. (ವಾಶಿ)

ಉದ್ಯಮ್ ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಅದು ಪೂರ್ತಿ ಉಚಿತ. ಸರ್ಕಾರಿ ಪೋರ್ಟಲ್ಲಿನಲ್ಲಿ ಆಧಾರ್, ಪ್ಯಾನ್ ಹಾಕಿ ನೀವೇ ಮಾಡಿಕೊಳ್ಳಬಹುದು. ವಯಸ್ಸು ಅಡ್ಜಸ್ಟ್ ಮಾಡುವವನಿಂದ ಮೊದಲು ಆಧಾರ್ ಕಾಪಿ ವಾಪಸ್ ಇಸಿದುಕೊಳ್ಳಿ. ಇಂಥವರು ಸ್ಟೇಷನ್ ಹೊರಗೆ ವಡಾಪಾವ್ ಗಾಡಿಗಳಿಗಿಂತ ಜಾಸ್ತಿ ಆಗಿದ್ದಾರೆ.

ಪ್ರಶ್ನೆ: 17ಕ್ಕೇ ಪ್ರೈವೇಟ್ ಲಿಮಿಟೆಡ್ ಡೈರೆಕ್ಟರ್ ಆಗಬಹುದೇ? (ಪುಣೆ)

ಇಲ್ಲ.

ಪ್ರಶ್ನೆ: 18 ತುಂಬುವ ಹುಟ್ಟುಹಬ್ಬದ ದಿನವೇ ಸಹಿ ಹಾಕಬಹುದೇ, ಮರುದಿನವೇ? (ಅಂಧೇರಿ)

ಆ ದಿನ ಶುರುವಾಗುತ್ತಲೇ ನೀವು ವಯಸ್ಕರು. ಆದರೆ ಚಿಕ್ಕವರಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ನಿಮ್ಮ ಫೋಟೊ ಇರುವುದಿಲ್ಲ. ಮೊದಲು ಅದನ್ನು ಸರಿ ಮಾಡಿಸಿ. ನಂಬರ್ ಅದೇ ಇರುತ್ತದೆ. ಹುಟ್ಟುಹಬ್ಬದ ದಿನವೇ ನನ್ನ ಆಫೀಸಿಗೆ ಓಡಿ ಬರಬೇಡಿ, ಕೇಕ್ ತಂದರೆ ಬೇರೆ ವಿಷಯ.