ಗೋಧಿ ಬಿಟ್ಟವರ ಊಟ: ಹೋಟೆಲ್ ಶೆಟ್ಟರ ಉತ್ತರ

ನನ್ನ ಹೆಂಡತಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಗೋಧಿಯಂಥ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಸಣ್ಣ ಕರುಳು ಕೆಡುವ ಕಾಯಿಲೆ ಅದು. ಅದನ್ನು ಹಿಡಿದು ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ನಾನು ಡಾಕ್ಟರಲ್ಲ. ಚೆಂಬೂರಿನಲ್ಲಿ ಹೋಟೆಲ್ ನಡೆಸಿದವನು. ಗಲ್ಲೆಯಲ್ಲೂ ಕೂತಿದ್ದೇನೆ, ಕಾವಲಿ ಮುಂದೆಯೂ ನಿಂತಿದ್ದೇನೆ. ಅಡುಗೆಮನೆಯ ಮಾತು ನಾನು ಹೇಳುತ್ತೇನೆ, ಮದ್ದಿನ ಮಾತು ನಿಮ್ಮ ಡಾಕ್ಟರನ್ನು ಕೇಳಿ.

ಶೆಟ್ರೇ, ಒಂಬತ್ತು ವರ್ಷದ ಮಗನಿಗೆ ಸೀಲಿಯಾಕ್ ಎಂದು ಬಯಾಪ್ಸಿಯಲ್ಲಿ ಗೊತ್ತಾಯಿತು. ನಮ್ಮಲ್ಲಿ ಎರಡು ಹೊತ್ತೂ ಚಪಾತಿ. "ಇದೆಲ್ಲ ಈಗಿನ ಫ್ಯಾಷನ್, ಸ್ವಲ್ಪ ತಿಂದರೆ ಏನೂ ಆಗೋದಿಲ್ಲ" ಅಂತಾರೆ ಅತ್ತೆ. ಮನೆಯವರೆಲ್ಲ ಗೋಧಿ ಬಿಡಬೇಕಾ? ಶಾಲೆಗೆ ಡಬ್ಬಿ ಏನು ಕಟ್ಟಲಿ?
– ಡೊಂಬಿವಲಿಯ ಓದುಗರು

ಅಮ್ಮ, ಮೊದಲು ಅತ್ತೆಯವರಿಗೆ ಒಂದು ಸಂಗತಿ ಹೇಳಿ. ಹಾಲೆಂಡಿನಲ್ಲಿ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ಡಾಕ್ಟರಿದ್ದರು. 1944-45ರ ಚಳಿಗಾಲ, ಯುದ್ಧದ ಕಾಲ. ಬ್ರೆಡ್ಡೇ ಸಿಗದಷ್ಟು ಬರ ಬಂತು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಬಂತು. ಡಿಕ್ಕೆಯವರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1950ರಲ್ಲಿ ಪ್ರಬಂಧ ಬರೆದು ಅದನ್ನು ಲೋಕದ ಮುಂದಿಟ್ಟರು. ಅತ್ತೆಯವರು ಹುಟ್ಟುವ ಹೊತ್ತಿಗೇ ಇದ್ದ ಫ್ಯಾಷನ್ ಇರಬೇಕು ಇದು!

ಇನ್ನು "ಸ್ವಲ್ಪ" ಅನ್ನುವುದರ ಲೆಕ್ಕ. ಪ್ಯಾಕೆಟ್ ಮೇಲೆ ಗ್ಲುಟೆನ್ ಫ್ರೀ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು ಎಂಬುದು ನಮ್ಮ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐಯ ನಿಯಮ. ಬೇರೆ ಹಲವು ದೇಶಗಳಲ್ಲೂ ಇದೇ ಲೆಕ್ಕ. ಚಪಾತಿಯ ಒಂದು ಚೂರಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇರುತ್ತದೆ. ಹೊಟ್ಟೆ ನೋಯದಿದ್ದರೂ ಒಳಗೆ ಸಣ್ಣ ಕರುಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಗೋಧಿಯ ಜೊತೆ ಬಾರ್ಲಿ ಮತ್ತು ರೈ (ಸಾಸಿವೆಯಲ್ಲ, ಗೋಧಿಯಂಥದೇ ಒಂದು ಧಾನ್ಯ) ಕೂಡ ಬಂದ್. ಹಾಗಾಗಿ ಹಾಲಿಗೆ ಹಾಕುವ ಮಾಲ್ಟ್ ಪುಡಿಗಳ ಡಬ್ಬ ಓದಿ ನೋಡಿ. ಮಾಲ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿಯದೇ.

ಮನೆಯವರೆಲ್ಲ ಬಿಡಬೇಕಿಲ್ಲ. ಆದರೆ ಪಾತ್ರೆ ಬೇರೆ ಆಗಲೇಬೇಕು. ಮಗನಿಗೆ ಬೇರೆ ಕಾವಲಿ, ಬೇರೆ ಮಣೆ-ಲಟ್ಟಣಿಗೆ, ಬೇರೆ ಜರಡಿ. ಮರದ ಮಣೆಯ ಸಂದಿಯಲ್ಲಿ ಕೂತ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಅವನ ಹಪ್ಪಳ ಕರಿಯಬೇಡಿ. ಚಪಾತಿ ಹರಿದ ಕೈ ಬೆಣ್ಣೆ ಡಬ್ಬಿಗೆ, ಉಪ್ಪಿನಕಾಯಿ ಭರಣಿಗೆ ಹೋಗಬಾರದು. ಅವನ ಪಾಲನ್ನು ಮೊದಲೇ ತೆಗೆದಿಡಿ. ದಿನಾ ಅವನ ಅಡುಗೆ ಮುಗಿಸಿ ಆಮೇಲೆ ಗೋಧಿ ಹಿಟ್ಟು ಕಲಸಿ. ನಾವಂತೂ ಮನೆಯಲ್ಲಿ ಗೋಧಿಯನ್ನೇ ನಿಲ್ಲಿಸಿಬಿಟ್ಟೆವು. ಇರುವುದು ಇಬ್ಬರೇ, ಸುಮ್ನೆ ಎರಡೆರಡು ಅಡುಗೆ ಯಾಕೆ?

ಎಲ್ಲಕ್ಕಿಂತ ದೊಡ್ಡ ಮೋಸ ಗಿರಣಿಯಲ್ಲಿ. ನಿಮ್ಮ ಗಲ್ಲಿಯ ಚಕ್ಕಿಯವನು ಈಗಷ್ಟೇ ಹತ್ತು ಕಿಲೋ ಗೋಧಿ ಬೀಸಿ, ಅದೇ ಕಲ್ಲಿಗೆ ನಿಮ್ಮ ಜೋಳ ಸುರಿಯುತ್ತಾನೆ. ಆ ಹಿಟ್ಟು ಜೋಳದ್ದೂ ಹೌದು, ಗೋಧಿಯದ್ದೂ ಹೌದು. ಡೊಂಬಿವಲಿಯಲ್ಲಿ ಮನೆಮನೆಗೆ ಘರ್‌ಘಂಟಿ, ಅಂದರೆ ಮನೆಯಲ್ಲೇ ಹಿಟ್ಟು ಬೀಸುವ ಸಣ್ಣ ಗಿರಣಿ ಇರುತ್ತದಲ್ವಾ, ಒಂದು ಕೊಂಡುಬಿಡಿ. ಅದರಲ್ಲಿ ಗೋಧಿ ಮಾತ್ರ ಯಾವತ್ತೂ ಹಾಕಬೇಡಿ. ಅಕ್ಕಿ, ಜೋಳ, ರಾಗಿಯನ್ನು ಆರಿಸಿ, ತೊಳೆದು, ಒಣಗಿಸಿ ಹಾಕಿ.

ಡಬ್ಬಿಗೆ ನೀರ್ ದೋಸೆ ಕಟ್ಟಿ. ಆರಿದರೂ ಮೆತ್ತಗೇ ಇರುತ್ತದೆ. ಜೋಳದ ರೊಟ್ಟಿ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತದೆ ಅನ್ನುವವರು ಕುದಿಯುವ ನೀರಿಗೆ ಹಿಟ್ಟು ಹಾಕಿ, ಮುಚ್ಚಿಟ್ಟು, ಬಿಸಿ ಇರುವಾಗಲೇ ಚೆನ್ನಾಗಿ ನಾದಿ ನೋಡಲಿ. ಇಡ್ಲಿ, ಪುಂಡಿ, ಒತ್ತು ಶಾವಿಗೆ, ಅವಲಕ್ಕಿ ಎಲ್ಲ ಇದ್ದೇ ಇವೆ. ಥಾಲಿಪೀಠದ ರೆಡಿ ಭಾಜಣಿ ಹಿಟ್ಟಿನಲ್ಲಿ ಹೆಚ್ಚಾಗಿ ಗೋಧಿ ಇರುತ್ತದೆ, ಮನೆಯಲ್ಲೇ ಹುರಿದು ಮಾಡಿಕೊಳ್ಳಿ. ದುಬಾರಿ ಗ್ಲುಟೆನ್ ಫ್ರೀ ಬ್ರೆಡ್ ಹಿಂದೆ ಓಡಬೇಡಿ. ನಮ್ಮ ಕರಾವಳಿಯವರು ಅಕ್ಕಿಯಲ್ಲೇ ಬದುಕಿದವರು, ಉತ್ತರ ಕರ್ನಾಟಕದವರು ಜೋಳದಲ್ಲಿ. ಮುಂಬಯಿಗೆ ಬಂದ ಮೇಲೆ ಹಿಡಿದ ಚಪಾತಿ ಇದು.

ಇನ್ನೊಂದು ಮಾತು. ಶಾಲೆಯಲ್ಲಿ ಡಬ್ಬಿ ಅದಲುಬದಲು ಮಾಡುವುದು ಮಕ್ಕಳ ಹಕ್ಕು. ಟೀಚರಿಗೆ ಬರೆದು ಕೊಡಿ, ಮಗನಿಗೂ ಬಿಡಿಸಿ ಹೇಳಿ. ಬೊಂಬೆ ಮಾಡುವ ಬಣ್ಣದ ಹಿಟ್ಟಿನಲ್ಲೂ ಗೋಧಿ ಇರುವುದುಂಟು. ಆಡಿದ ಮೇಲೆ ಕೈ ತೊಳೆಯಲಿ.

ಚಪಾತಿ ತಿಂದರೆ ಹೊಟ್ಟೆ ಉಬ್ಬರಿಸುತ್ತಿತ್ತು. ನಾನೇ ಗೋಧಿ ಬಿಟ್ಟೆ, ಹಾಯಾಗಿದೆ. ಇನ್ನು ಟೆಸ್ಟ್ ಯಾಕೆ?
– ಅಂಧೇರಿಯ ಓದುಗರು

ರಾಯರೇ, ಟೆಸ್ಟ್ ಆಗುವ ಮೊದಲು ಗೋಧಿ ಬಿಡಬಾರದು. ಟಿಟಿಜಿ ಎಂಬ ರಕ್ತಪರೀಕ್ಷೆ ಹುಡುಕುವುದು ಸೀಲಿಯಾಕ್ ಇದ್ದವರು ಗ್ಲುಟೆನ್ ತಿಂದಾಗ ಅವರ ಮೈ ತಯಾರಿಸುವ ಪ್ರತಿಕಾಯವನ್ನು. ತಿನ್ನುವುದು ನಿಂತರೆ ಅದು ಇಳಿಯುತ್ತದೆ, ಕಾಯಿಲೆ ಇದ್ದರೂ ರಿಪೋರ್ಟ್ ಸರಿಯಾಗಿದೆ ಎಂದೇ ಬರಬಹುದು. ಡಾಕ್ಟರು ಕೆಲವು ವಾರ ಮತ್ತೆ ಗೋಧಿ ತಿನ್ನಿ ಅಂದಾರು. ಅವರನ್ನು ಕೇಳದೆ ನೀವಾಗಿ ಶುರು ಮಾಡಬೇಡಿ, ಯಾಕೆಂದರೆ ಗೋಧಿಯ ಅಲರ್ಜಿ ಬೇರೆ, ಅದು ಜೀವಕ್ಕೇ ಬರಬಹುದು. ಸುಮ್ನೆ ಉಬ್ಬರ ಮಾತ್ರ ಇದ್ದರೆ ಈ ಮಡಿಯೆಲ್ಲ ನಿಮಗೆ ಬೇಕಾಗಲಿಕ್ಕಿಲ್ಲ. ಅದನ್ನು ತಿಳಿಯುವುದಕ್ಕೇ ಟೆಸ್ಟ್.

ಉಡುಪಿ ಹೋಟೆಲಿನಲ್ಲಿ ಎಲ್ಲ ಅಕ್ಕಿ-ಉದ್ದಿನದೇ ಅಲ್ವಾ? ಧೈರ್ಯವಾಗಿ ತಿನ್ನಬಹುದಾ?
– ಘಾಟ್ಕೋಪರ್‌ನ ಓದುಗರು

ಈ ಪ್ರಶ್ನೆಗೆ ಉತ್ತರ ಕೊಟ್ಟರೆ ನಮ್ಮವರೇ ನನಗೆ ಬೈಯುತ್ತಾರೆ. ಆದರೂ ಹೇಳುತ್ತೇನೆ.

ಇಡ್ಲಿಯಲ್ಲಿ ಭಯ ಕಡಿಮೆ. ಇಡ್ಲಿ ರವೆ ಅಂದರೆ ಅಕ್ಕಿಯ ರವೆ. ರವೆ ಇಡ್ಲಿ ಅಂದರೆ ಮಾತ್ರ ಗೋಧಿ. ಉಪ್ಪಿಟ್ಟು, ಶೀರಾ, ಬನ್ಸ್, ಗೋಳಿಬಜೆ ಕಡೆ ನೋಡಲೇಬೇಡಿ. ಉದ್ದಿನ ವಡೆಯ ಹಿಟ್ಟಿನಲ್ಲಿ ದೋಷವಿಲ್ಲ, ದೋಷ ಬಾಣಲೆಯಲ್ಲಿ. ಮೈದಾದ ಗೋಳಿಬಜೆ, ಪೂರಿ ಎಲ್ಲ ಆ ಎಣ್ಣೆಯಲ್ಲೇ ಈಜಿರುತ್ತವೆ.

ದೋಸೆಗೆ ಬರುತ್ತೇನೆ. ಬಣ್ಣ ಬರಲಿ, ಗರಿ ಬರಲಿ ಎಂದು ಹಿಟ್ಟಿಗೆ ಒಂದು ಹಿಡಿ ಮೈದಾವೋ ಚಿರೋಟಿ ರವೆಯೋ ಸೇರಿಸುವ ಭಟ್ಟರಿದ್ದಾರೆ. ಹಾಕದವರೂ ಬೇಕಾದಷ್ಟಿದ್ದಾರೆ. ತಟ್ಟೆ ನೋಡಿ ಗೊತ್ತಾಗುವುದಿಲ್ಲ. ಹಿಟ್ಟು ಶುದ್ಧವಾಗಿದ್ದರೂ ಕಾವಲಿ ಒಂದೇ. ರವಾ ದೋಸೆ ತೆಗೆದ ಜಾಗದಲ್ಲೇ ನೀರು ಚಿಮುಕಿಸಿ, ಹಿಡಿ ಪೊರಕೆಯಿಂದ ಗುಡಿಸಿ, ನಿಮ್ಮ ಸಾದಾ ದೋಸೆ ಹುಯ್ಯುತ್ತಾರೆ. ಆ ಪೊರಕೆಯಲ್ಲೂ ರವೆ ಇರುತ್ತದೆ.

ಸಾಂಬಾರಿನಲ್ಲಿ ಇಂಗು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಶುದ್ಧ ಇಂಗು ಬರೀ ಗಿಡದ ಅಂಟು. ಅಂಗಡಿಯಲ್ಲಿ ಬಾಂಧಣಿ ಹಿಂಗ್ ಎಂದು ಕೊಡುವುದು ಹಿಟ್ಟು, ಗೋಂದು ಬೆರೆಸಿದ್ದು. ಆ ಹಿಟ್ಟು ಬಹಳ ಕಡೆ ಗೋಧಿಯದೇ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ. ಅಕ್ಕಿ ಹಿಟ್ಟು ಹಾಕಿದ ಇಂಗೂ ಸಿಗುತ್ತದೆ, ಮನೆಗೆ ಅದನ್ನೇ ತನ್ನಿ. ಹೋಟೆಲಿನಲ್ಲಿ ನನ್ನ ಹೆಂಡತಿ ಇಡ್ಲಿಗೆ ತೆಂಗಿನಕಾಯಿ ಚಟ್ನಿ ಮಾತ್ರ ಹಾಕಿಸಿಕೊಳ್ಳುತ್ತಾಳೆ, ಅದೂ ಒಗ್ಗರಣೆ ಇಲ್ಲದೆ.

ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೇ ಹೋಗಿ. ಕಾವಲಿ ಶುದ್ಧ, ಭಟ್ಟರ ತಲೆಯೂ ತಣ್ಣಗೆ. ಸಪ್ಲಾಯರ್ ಹುಡುಗನನ್ನು ಕೇಳಬೇಡಿ, ಅವನು ಎಲ್ಲದಕ್ಕೂ "ಹಾಂ ಸಾಬ್" ಅನ್ನುತ್ತಾನೆ. ಗಲ್ಲೆಯವರಿಗೆ ಹೇಳಿ ಒಳಗಿನ ಭಟ್ಟರ ಹತ್ತಿರ ನೀವೇ ಮಾತಾಡಿ. ಗ್ಲುಟೆನ್ ಎಂಬ ಶಬ್ದ ಬೇಡ. "ಗೋಧಿ, ಮೈದಾ, ರವೆ ತಾಗಿದರೆ ಕಾಯಿಲೆ ಬೀಳುತ್ತೇನೆ" ಅನ್ನಿ. ತುಳು ಬಂದರೆ ತುಳುವಿನಲ್ಲೇ ಕೇಳಿ, ಉತ್ತರ ಇನ್ನೂ ಸತ್ಯವಾಗಿರುತ್ತದೆ! ಮಧ್ಯಾಹ್ನ ಒಂದು ಗಂಟೆಯ ರಶ್ಶಿನಲ್ಲಿ ಮಾತ್ರ ಯಾರನ್ನೂ ಕೇಳಬೇಡಿ.

ಏಕಾದಶಿ, ಸಂಕಷ್ಟಿಯಂಥ ದಿನ ಮರಾಠಿ ಹೋಟೆಲುಗಳಲ್ಲಿ ಉಪವಾಸದ ತಿಂಡಿ ಸಿಗುತ್ತದೆ. ಸಾಬೂದಾಣಾ ಖಿಚಡಿ, ವರಿ ತಾಂದೂಳ್, ರಾಜಗಿರಾ. ಉಪವಾಸಕ್ಕೆ ಗೋಧಿ ನಿಷಿದ್ಧ, ಹಾಗಾಗಿ ಪಾತ್ರೆಯೂ ಎಷ್ಟೋ ಕಡೆ ಬೇರೆ. ಸೀಲಿಯಾಕ್ ಇದ್ದವರಿಗೆ ಅದೇ ಹಬ್ಬ. ಸಾಬೂದಾಣಾ ವಡೆಯ ಎಣ್ಣೆಯನ್ನು ಮಾತ್ರ ವಿಚಾರಿಸಿ.

ನಮಗೆ ಮೀನಿಲ್ಲದೆ ಊಟ ಇಲ್ಲ. ಮೀನಿನಲ್ಲಿ ಗೋಧಿ ಎಲ್ಲಿಂದ?
– ಮಡಗಾಂವ್‌ನ ಓದುಗರು

ರವಾ ಫ್ರೈಯಿಂದ! ಗೋವಾದಲ್ಲಿ ಕೇಳದೇ ಇದ್ದರೆ ಬಂಗುಡೆಗೆ ರವೆ ಮೆತ್ತಿಯೇ ತರುತ್ತಾರೆ. ಅಕ್ಕಿ ಹಿಟ್ಟಿನಲ್ಲಿ, ಬೇರೆ ತವೆಯ ಮೇಲೆ ಮಾಡಿಸಿಕೊಳ್ಳಿ. ಸಾರು-ಅನ್ನ, ಸಣ್ಣಾಸ್ ನಿಮ್ಮದು. ಪೊಯಿ, ಪಾವ್ ನಿಮ್ಮದಲ್ಲ.

ನನಗೆ ಸೀಲಿಯಾಕ್, ಶುದ್ಧ ಸಸ್ಯಾಹಾರಿ. ಗುಂಪು ಪ್ರವಾಸದಲ್ಲಿ ಇಟಲಿಗೆ ಹೊರಟಿದ್ದೇವೆ. ಪಿಜ್ಜಾ, ಪಾಸ್ತಾದ ದೇಶ, ಉಪವಾಸವೇ ಗತಿಯಾ?
– ಪುಣೆ, ಕೋಥ್ರೂಡ್‌ನ ಓದುಗರು

ಇಲ್ಲ ತಂಗಿ, ಇಟಲಿಯಲ್ಲಿ ಉಪವಾಸ ಬೀಳುವುದಿಲ್ಲ. ವಿಮಾನದಲ್ಲಿ ಬೀಳಬಹುದು. ವಿಮಾನದ ಊಟಕ್ಕೆ ಕೋಡ್ ಇರುತ್ತದೆ. ಗ್ಲುಟೆನ್ ಇಲ್ಲದ್ದಕ್ಕೆ ಜಿಎಫ್‌ಎಂಎಲ್, ಭಾರತೀಯ ಶೈಲಿಯ ಸಸ್ಯಾಹಾರಕ್ಕೆ ಎವಿಎಂಎಲ್. ಸಾಮಾನ್ಯವಾಗಿ ಒಂದನ್ನೇ ಆರಿಸಬೇಕು. ಮೊದಲನೆಯದರಲ್ಲಿ ಕೋಳಿಯೋ ಮೀನೋ ಬರಬಹುದು, ಎರಡನೆಯದರಲ್ಲಿ ಪರೋಟ. ಟಿಕೆಟ್ ಆದ ಕೂಡಲೇ ಫೋನ್ ಮಾಡಿ ಕೇಳಿ, ಆದರೂ ನಂಬಿ ಕೂರಬೇಡಿ. ಕೈಚೀಲದಲ್ಲಿ ಒಗ್ಗರಣೆ ಅವಲಕ್ಕಿ, ಹುರಿಗಡಲೆ, ಬಾಳೆಹಣ್ಣು ಇರಲಿ. ಚಟ್ನಿ, ಮೊಸರು, ಉಪ್ಪಿನಕಾಯಿಯನ್ನು ಸೆಕ್ಯೂರಿಟಿಯಲ್ಲಿ ದ್ರವದ ಲೆಕ್ಕಕ್ಕೆ ಹಾಕುತ್ತಾರೆ, 100 ಮಿಲಿಲೀಟರ್ ದಾಟಿದರೆ ಕಸದ ಬುಟ್ಟಿಗೆ. ಹಾಲಿನ ಪದಾರ್ಥವನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ಪೇಡೆ ಮನೆಯಲ್ಲೇ ಇರಲಿ.

ಅಲ್ಲಿ ಇಳಿದ ಮೇಲೆ ನಿಮಗೇ ಆಶ್ಚರ್ಯವಾಗುತ್ತದೆ. ಅಲ್ಲಿನ ಸೀಲಿಯಾಕ್ ಸಂಘ 1979ರಿಂದ ಇದೆ. ಕಾಯಿಲೆ ಇದ್ದವರಿಗೆ ಗ್ಲುಟೆನ್ ಇಲ್ಲದ ಆಹಾರ ಕೊಳ್ಳಲು ಸರ್ಕಾರವೇ ತಿಂಗಳು ತಿಂಗಳು ನೆರವು ಕೊಡುತ್ತದೆ. ಔಷಧದಂಗಡಿಯಲ್ಲೂ ಗ್ಲುಟೆನ್ ಇಲ್ಲದ ಬ್ರೆಡ್, ಬಿಸ್ಕತ್ತು ಸಿಗುತ್ತದೆ. "ಸೊನೊ ಚೆಲಿಯಾಕಾ" ಅನ್ನಿ, ನನಗೆ ಸೀಲಿಯಾಕ್ ಇದೆ ಎಂದರ್ಥ. ಪ್ಯಾಕೆಟ್ ಮೇಲೆ "ಸೆನ್ಜಾ ಗ್ಲುಟಿನೆ" ಎಂದು ನೋಡಿ, ಅಥವಾ ಗೋಧಿ ತೆನೆಗೆ ಅಡ್ಡಗೆರೆ ಎಳೆದ ಗುರುತು. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಹೋಟೆಲಿನವರೂ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ರಿಸೊಟ್ಟೊ ಅಕ್ಕಿಯದು, ಪೊಲೆಂಟಾ ಮೆಕ್ಕೆಜೋಳದ್ದು. ಅವನ್ನು ಬೇಯಿಸುವ ಸಾರಿಗೆ ಹಾಕುವ ಮಸಾಲೆ ಕ್ಯೂಬಿನಲ್ಲಿ ಗೋಧಿ ಉಂಟಾ, ಮಾಂಸ ಉಂಟಾ ಎಂದು ಎರಡನ್ನೂ ಕೇಳಿ. ಜಿನೋವಾ ಕಡೆ ಹೋದರೆ ಫಾರಿನಾಟಾ ತಿನ್ನಿ. ಕಡಲೆ ಹಿಟ್ಟಿನ ದಪ್ಪ ದೋಸೆ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬೇಯುವ ಒಲೆ ಪಿಜ್ಜಾದ್ದೇನಾ ಎಂದು ಕೇಳಿ ತಿನ್ನಿ. ನ್ಯೋಕ್ಕಿ ಆಲೂಗಡ್ಡೆಯದೆಂದು ಮೋಸ ಹೋಗಬೇಡಿ, ಗೋಧಿ ಹಿಟ್ಟು ಸೇರಿರುತ್ತದೆ. ಫಾರ್ರೊ ಗೋಧಿಯ ಜಾತಿ, ಓರ್ಜೊ ಅಂದರೆ ಬಾರ್ಲಿ. ಜೆಲಾಟೊ, ಅಂದರೆ ಅವರ ಐಸ್‌ಕ್ರೀಮನ್ನು, ಕೋನಿನಲ್ಲಿ ಬೇಡ, ಕಪ್ಪಿನಲ್ಲಿ ಕೇಳಿ, ಚಮಚ ತೊಳೆದು ಕೊಡಲು ಹೇಳಿ.

ಅಂದ ಹಾಗೆ, ನಿಮ್ಮ ಟೂರಿನ ಜೊತೆ ಬರುವ ಅಡುಗೆಯ ಮಹಾರಾಜನಿಗೂ ಇದನ್ನೆಲ್ಲ ಹೇಳಬೇಕು. ಅವನ ದಾಲಿನಲ್ಲೂ ಅದೇ ಇಂಗು. ನಿಮ್ಮ ಇಂಗಿನ ಡಬ್ಬಿ ಅವನ ಕೈಗೆ ಕೊಟ್ಟುಬಿಡಿ.

ಸೀಲಿಯಾಕ್ ಇರುವ ಮಗಳಿಗೆ ಜಪಾನಿನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಅನ್ನ ತಿನ್ನುತ್ತಾರೆ, ಅವಳಿಗೆ ತೊಂದರೆ ಇಲ್ಲ ಅಲ್ವಾ?
– ವಾಶಿಯ ಓದುಗರು

ತೊಂದರೆ ಇದೆ. ಇಟಲಿಗಿಂತ ಜಾಸ್ತಿ. ಅಲ್ಲಿ ಎಲ್ಲದಕ್ಕೂ ಹಾಕುವ ಶೋಯು, ಅಂದರೆ ಸೋಯಾ ಸಾಸ್, ಸೋಯಾ ಜೊತೆ ಗೋಧಿ ಹಾಕಿ ಹುದುಗಿಸಿದ್ದು. ಕೆಲವು ಮಿಸೊಗಳಲ್ಲಿ ಬಾರ್ಲಿ. ಅಲ್ಲಿನ ಕರ್ರಿ ಸಾರನ್ನು ಗಟ್ಟಿ ಮಾಡಲು ಮೈದಾ. ಸೋಬಾ ಶಾವಿಗೆಯಲ್ಲೂ ಸಾಮಾನ್ಯವಾಗಿ ಗೋಧಿ ಬೆರೆತಿರುತ್ತದೆ. ಬೇಸಿಗೆಯಲ್ಲಿ ನೀರಿನ ಬದಲು ತಣ್ಣಗೆ ಮುಗಿಚಾ ಕೊಡುತ್ತಾರೆ, ಅದು ಹುರಿದ ಬಾರ್ಲಿಯ ಚಹಾ. ಪ್ಯಾಕೆಟ್ ಮೇಲೆ ಗೋಧಿ ಇದ್ದರೆ ಬರೆಯಲೇಬೇಕೆಂಬ ಕಾನೂನಿದೆ, ಬಾರ್ಲಿಗೆ ಇಲ್ಲ.

ಸೀಲಿಯಾಕ್ ಅಂದರೆ ಅಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಗೋಧಿ, ಬಾರ್ಲಿ, ಶೋಯು ತಿನ್ನಬಾರದು ಎಂದು ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಗೋಧಿ ಇಲ್ಲದ ತಮಾರಿ ಎಂಬ ಸಾಸ್ ಸಿಗುತ್ತದೆ, ಹೆಸರು ನೋಡಿ ಸಾಲದು, ಗೋಧಿ ಇಲ್ಲವೆಂದು ಬರೆದದ್ದನ್ನೇ ಕೊಳ್ಳಬೇಕು. ಉಳಿದಂತೆ ಕೋಣೆಯಲ್ಲೇ ಅನ್ನ ಮಾಡಿಕೊಳ್ಳುವುದು ಲೇಸು. ಇಲ್ಲಿಂದ ಕರೆಂಟಿನ ಕುಕ್ಕರ್ ಕಟ್ಟಿಕೊಡಬೇಡಿ. ಅಲ್ಲಿ ಕರೆಂಟು 100 ವೋಲ್ಟ್, ನಮ್ಮದು 230. ನಮ್ಮ ಕುಕ್ಕರಿನಲ್ಲಿ ಅಲ್ಲಿ ಅನ್ನವೇ ಬೇಯುವುದಿಲ್ಲ. ಅಲ್ಲೇ ಒಂದು ಕೊಳ್ಳಲಿ. ವಾಪಸು ಬರುವಾಗ ಆಸೆಪಟ್ಟು ಅದನ್ನು ತರಬೇಡ ಅನ್ನಿ, ವಾಶಿಯಲ್ಲಿ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ.