ಅವಳು ನಕಲಿ ಅಂತ ಮೊದಲ ಪುಟದಲ್ಲೇ ಹೇಳಿಬಿಡಿ

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ಎದೆ ಧಸಕ್ಕೆಂದಿತು. ಹಳೆಯ ಕಾಲದ ಲಂಡನ್, ಸತ್ತವರ ಜೊತೆ ಮಾತಾಡುತ್ತೇನೆ ಅನ್ನುವ ಮೀಡಿಯಂ ಒಬ್ಬಳು ನಾಯಕಿ, ತಿಳಿಹಾಸ್ಯದ ಧಾಟಿ, ನಡುವೆ ಒಂದು ಕೊಲೆ. ಅವಳು ನಕಲಿ ಅನ್ನುವುದನ್ನು ಕೊನೆಯ ಅಧ್ಯಾಯದವರೆಗೆ ಓದುಗರಿಂದ ಮುಚ್ಚಿಡುವುದು ಹೇಗೆ, ಕೊನೆಗೆ ಒಂದು ಪ್ರೇತ ಮಾತ್ರ ನಿಜವಾಗಿತ್ತು ಎಂದು ತಿರುವು ಕೊಟ್ಟರೆ ಹೇಗೆ ಎಂದು ಕೇಳಿದ್ದೀರಿ. ನಾನು ಮುಚ್ಚಿಟ್ಟಿದ್ದೆ. ಅದಕ್ಕೆ ಮೂರು ವರ್ಷ ಮತ್ತು 312 ಪುಟ ಕಳೆದುಕೊಂಡೆ. ಹಾಗಾಗಿ ಹೇಗೆ ಮುಚ್ಚಿಡಬೇಕು ಎಂದು ನಾನು ಹೇಳಿಕೊಡುವುದಿಲ್ಲ. ಮುಚ್ಚಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಆರಿಸಿಕೊಂಡದ್ದು 1876ನೇ ಇಸವಿ. ಆ ವರ್ಷ ಹೆನ್ರಿ ಸ್ಲೇಡ್ ಎಂಬ ಅಮೆರಿಕದ ಮೀಡಿಯಂ ಲಂಡನ್ನಿಗೆ ಬಂದಿದ್ದ. ಸತ್ತವರು ಸ್ಲೇಟಿನ ಮೇಲೆ ಬಳಪದಲ್ಲಿ ಉತ್ತರ ಬರೆಯುತ್ತಾರೆ ಅನ್ನುವುದು ಅವನ ವಿದ್ಯೆ. ಸ್ಲೇಟನ್ನು ಮೇಜಿನ ಅಡಿಗೆ ಹಿಡಿಯುತ್ತಿದ್ದ, ಬಳಪ ಕೆರೆಯುವ ಸದ್ದು ಕೇಳುತ್ತಿತ್ತು, ಹೊರಗೆ ತೆಗೆದರೆ ಅಕ್ಷರ ಇರುತ್ತಿತ್ತು. ರೇ ಲ್ಯಾಂಕೆಸ್ಟರ್ ಎಂಬ ಪ್ರಾಣಿಶಾಸ್ತ್ರಜ್ಞರು ಹೋಗಿ ಕೂತು, ಪ್ರೇತ ಬರೆಯಲು ಶುರುಮಾಡುವ ಮೊದಲೇ ಸ್ಲೇಟು ಕಿತ್ತುಕೊಂಡರು. ಉತ್ತರ ಆಗಲೇ ಬರೆದಾಗಿತ್ತು. ಕೇಸು ಬೋ ಸ್ಟ್ರೀಟ್ ಕೋರ್ಟಿಗೆ ಹೋಯಿತು. ವಿಕಾಸವಾದವನ್ನು ಜಗತ್ತಿಗೆ ಕೊಟ್ಟ ಇಬ್ಬರು ಇಲ್ಲಿ ಎದುರುಬದುರಾದರು: ಸ್ಲೇಡ್ ವಿರುದ್ಧದ ಖರ್ಚಿಗೆ ಡಾರ್ವಿನ್ 10 ಪೌಂಡ್ ಕೊಟ್ಟರು, ವಾಲೇಸ್ ಅವನ ಪರವಾಗಿ ಸಾಕ್ಷಿ ಹೇಳಿದರು. 1824ರ ಅಲೆಮಾರಿಗಳ ಕಾಯ್ದೆಯ ಪ್ರಕಾರ ಮೂರು ತಿಂಗಳ ಕಠಿಣ ಸಜೆಯಾಯಿತು. ಮರುವರ್ಷ ಅಪೀಲಿನಲ್ಲಿ, ಆರೋಪದ ಒಕ್ಕಣೆಯಲ್ಲಿ ಕಾಯ್ದೆಯ ಕೆಲವು ಪದ ಬಿಟ್ಟುಹೋಗಿವೆ ಎಂಬ ಕಾರಣಕ್ಕೆ ಬಿಟ್ಟುಬಿಟ್ಟರು. ಅವನು ದೇಶ ಬಿಟ್ಟು ಹೊರಟುಹೋದ.

ಈ ಕೇಸು ನಡೆಯುತ್ತಿರುವಾಗಲೇ, ಅದೇ ಊರಿನಲ್ಲಿ, ಅದೇ ಕಸುಬಿನಲ್ಲಿರುವ ಒಬ್ಬ ಹೆಂಗಸಿನ ಕಥೆ ನನ್ನದು. ಪೇಪರಿನಲ್ಲಿ ದಿನಾ ಸ್ಲೇಡ್ ಸುದ್ದಿ, ಇವಳ ಮನೆಗೆ ದಿನಾ ಗಿರಾಕಿಗಳು. ಈ ಕಟ್ಟು ಚೆನ್ನಾಗಿತ್ತು ಎಂದು ಈಗಲೂ ನಂಬಿದ್ದೇನೆ.

ಕೆಟ್ಟದ್ದು ಎಲ್ಲಿ ಎಂದು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾಗಲು ನನಗೇ ಒಂದು ವರ್ಷ ಹಿಡಿಯಿತು.

ನನ್ನ ಕಥೆಯಲ್ಲಿ ಒಬ್ಬ ಶ್ರೀಮಂತ ಮುದುಕ, ಸಮುದ್ರದ ದಂಡೆಯ ಊರಾದ ಬ್ರೈಟನ್ನಿನ ಮನೆಯಲ್ಲಿ ಸಾಯುತ್ತಾನೆ. ಅವನ ತಮ್ಮನ ಮಗ, ತಾನು ಆ ದಿನ ಲಂಡನ್ ಬಿಟ್ಟು ಕದಲಲೇ ಇಲ್ಲ ಅನ್ನುತ್ತಾನೆ. ಮುದುಕನ ಹೆಂಡತಿ ಗಂಡನ ಜೊತೆ ಮಾತಾಡಬೇಕೆಂದು ನಾಯಕಿಯ ಮನೆಗೆ ಬರುತ್ತಾಳೆ, ಜೊತೆಗೆ ಈ ಹುಡುಗನೂ ಬರುತ್ತಾನೆ. ಕತ್ತಲಲ್ಲಿ ಎಲ್ಲರೂ ಕೈ ಕೈ ಹಿಡಿದು ಕೂರುತ್ತಾರೆ. ನಾಯಕಿ ಬೇರೆ ದನಿಯಲ್ಲಿ, "ಸಮುದ್ರದ ಸದ್ದು ಕೇಳಿಸ್ತಿದೆ... ನೀನು ಬಂದಿದ್ದೆ ಕಣೋ, ಆವತ್ತು ನೀನು ಬಂದಿದ್ದೆ" ಅನ್ನುತ್ತಾಳೆ. ಹುಡುಗನ ಅಂಗೈ ತಣ್ಣಗಾಗುತ್ತದೆ.

ಅವಳಿಗೆ ಇದು ಗೊತ್ತಾದದ್ದು ಹೇಗೆ? ಬಂದವರ ಕೋಟುಗಳನ್ನು ಇಸಿದುಕೊಂಡು ಗೂಟಕ್ಕೆ ನೇತುಹಾಕುವ ಕೆಲಸದವಳು ಆ ಕೋಟುಗಳ ಜೇಬು ತಡವುತ್ತಾಳೆ. ಹುಡುಗನ ಒಳಜೇಬಿನಲ್ಲಿ ರೈಲಿನ ದಪ್ಪ ರಟ್ಟಿನ ಟಿಕೆಟ್ಟಿನ ಅರ್ಧ ಭಾಗ ಸಿಗುತ್ತದೆ. ಹೋಗಿಬರುವ ಟಿಕೆಟ್ಟಿನಲ್ಲಿ ಬರುವ ಅರ್ಧ ಅದು. ಮೇಲೆ ಮುದುಕ ಸತ್ತ ದಿನದ ತಾರೀಖು ಒತ್ತಿದೆ. ಹೋಗುವ ಅರ್ಧವನ್ನು ಬ್ರೈಟನ್ನಿನಲ್ಲಿ ಕೊಟ್ಟಾಗಿದೆ, ಬರುವ ಅರ್ಧ ಬಳಸಿಲ್ಲ. ಅಂದರೆ ಆಸಾಮಿ ಹೋದದ್ದು ನಿಜ, ಬರುವಾಗ ಸ್ಟೇಷನ್ನಿನಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಬೇರೆ ದಾರಿ ಹಿಡಿದದ್ದೂ ನಿಜ. ಅಷ್ಟನ್ನೂ ಕೆಲಸದವಳು ದೀಪ ಆರಿಸಲು ಬಂದಾಗ ನಾಯಕಿಯ ಕಿವಿಯಲ್ಲಿ ನಾಲ್ಕು ಮಾತಲ್ಲಿ ಊದಿ ಹೋಗುತ್ತಾಳೆ.

ಇದು ಇಡೀ ಪುಸ್ತಕದಲ್ಲೇ ಒಳ್ಳೆಯ ಸುಳಿವು. ಇದನ್ನು ನಾನು ಓದುಗರಿಗೆ ತೋರಿಸಲೇ ಇಲ್ಲ. ತೋರಿಸುವುದು ಸಾಧ್ಯವೂ ಇರಲಿಲ್ಲ, ಕೋಟಿನ ಜೇಬು ತೋರಿಸಿದ ಕೂಡಲೇ ಅವಳು ನಕಲಿ ಎಂದು ಗೊತ್ತಾಗಿಬಿಡುತ್ತದಲ್ಲ! ಹಾಗಾಗಿ ಆ ದೃಶ್ಯವನ್ನು ಕಿತ್ತು ಕೊನೆಯ ಅಧ್ಯಾಯಕ್ಕೆ ಸಾಗಿಸಿದೆ. ಅದಾದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಕೆಲಸದವಳು ನೆರೆಮನೆಯ ಅಡುಗೆಯವಳ ಹತ್ತಿರ ಬಾಯಿ ಬಿಡಿಸಿದ್ದು, ನಾಯಕಿ ಹಳೆಯ ಪೇಪರಿನ ಮರಣವಾರ್ತೆಗಳನ್ನು ಕತ್ತರಿಸಿ ಅಂಟಿಸಿಕೊಂಡ ಪುಸ್ತಕ, ಗಿರಾಕಿಯ ಬೆರಳಿನಲ್ಲಿ ಉಂಗುರ ಕಳಚಿದ ಬಿಳಿ ಗುರುತು, ಎಲ್ಲವೂ ಹಿಂದಕ್ಕೆ ಹೋದವು. ಮುಂದಿನ 270 ಪುಟಗಳಲ್ಲಿ ಅವಳು ಕಣ್ಣು ಮುಚ್ಚುತ್ತಾಳೆ, ಪ್ರೇತ ಹೇಳುತ್ತದೆ, ಸರಿಯಾಗಿರುತ್ತದೆ. ಕೊನೆಯ 40 ಪುಟಗಳಲ್ಲಿ ಅವಳೇ ನಿಂತು, ಇದು ಹೀಗೆ, ಅದು ಹಾಗೆ ಎಂದು ಲೆಕ್ಕ ಒಪ್ಪಿಸುತ್ತಾಳೆ.

ಪತ್ತೇದಾರಿ ಕಾದಂಬರಿಗಳನ್ನು ಚಿಕ್ಕಂದಿನಿಂದ ಓದಿಕೊಂಡು ಬಂದ ಹಿರಿಯ ಸ್ನೇಹಿತರೊಬ್ಬರಿಗೆ ಹಸ್ತಪ್ರತಿ ಕೊಟ್ಟೆ. ವಾಪಸ್ ಬಂದಾಗ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಮಾತು, ಹನ್ನೊಂದು ಕಡೆ: "ಅವಳಿಗೆ ಹೇಗೆ ಗೊತ್ತಾಯಿತು?" ಮೊದಲ ಸಲ ಚೊಕ್ಕ ಅಕ್ಷರದಲ್ಲಿತ್ತು. ಏಳೋ ಎಂಟೋ ಸಲಕ್ಕೆ ಪೆನ್ಸಿಲ್ ಒತ್ತಿ ಕಾಗದದ ಹಿಂಬದಿಗೂ ಗುರುತು ಬಿದ್ದಿತ್ತು. ಹನ್ನೊಂದನೆಯ ಸಲ ಬರೀ "ಹೇಗೆ?" ಎಂದಿತ್ತು. ಕೊನೆಯ 40 ಪುಟಗಳಲ್ಲಿ ಒಂದು ಗುರುತೂ ಇರಲಿಲ್ಲ. ಕೇಳಿದರೆ, "ಅಷ್ಟು ಹೊತ್ತಿಗೆ ನನಗೆ ಬೇಕಿರಲಿಲ್ಲ" ಎಂದರು. ನಾನು ಅವರ ಮಾತು ಕೇಳಲಿಲ್ಲ, ಹಾಗೇ ಒಂದು ಪ್ರಕಾಶನಕ್ಕೆ ಕಳಿಸಿದೆ. ಅವರೂ ವಾಪಸ್ ಕಳಿಸಿದರು, ಕಾರಣವೂ ಹೆಚ್ಚುಕಡಿಮೆ ಅದೇ.

ನಕಲಿ ಮೀಡಿಯಂ ಮತ್ತು ಪತ್ತೇದಾರ, ಇಬ್ಬರದೂ ಒಂದೇ ಕೆಲಸ. ಬಂದವರ ಬೂಟು, ಬೆರಳು, ಮಾತಿನ ತಡವರಿಕೆ ನೋಡುವುದು, ಮೂರು ಜನರಿಂದ ಮೂರು ತುಣುಕು ಸಂಗ್ರಹಿಸಿ ನಾಲ್ಕನೆಯದನ್ನು ಊಹಿಸುವುದು. ಅವಳ ಮೋಸವನ್ನು ಮುಚ್ಚಿಟ್ಟರೆ ಅವಳ ಪತ್ತೇದಾರಿಕೆಯೂ ಅದೇ ಚಾದರದ ಅಡಿಗೆ ಹೋಗುತ್ತದೆ. ಉಳಿಯುವುದು ಕಣಿ ಹೇಳುವವಳು ಮಾತ್ರ. ಕಣಿ ನಿಜವಾದರೆ ಓದುಗರಿಗೆ ಊಹಿಸಲು ಏನೂ ಉಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ನಿಮ್ಮ ಕಥೆ ನಗಿಸಬೇಕು ಎಂದಿದ್ದೀರಿ. ನಗು ಎಲ್ಲಿಂದ ಬರಬೇಕು? ಟಿಕೆಟ್ಟಿನ ವಿಷಯ ಮೊದಲೇ ಓದುಗರಿಗೆ ಗೊತ್ತಿದ್ದರೆ, ಆ ಕತ್ತಲ ಕೋಣೆಯ ದೃಶ್ಯ ಹೇಗಿರುತ್ತದೆ ನೋಡಿ. ಅವಳು ಟಿಕೆಟ್ ಎಂಬ ಪದ ಬಳಸುವ ಹಾಗಿಲ್ಲ. ಕೋಟಿನ ಕಡೆ ತಿರುಗುವ ಹಾಗಿಲ್ಲ. ಸತ್ತ ಮುದುಕನ ಬಾಯಲ್ಲೇ ಬ್ರೈಟನ್ನನ್ನು ಹೊರಡಿಸಬೇಕು, ಆದರೆ ಆ ಮುದುಕ ಹೇಗೆ ಮಾತಾಡುತ್ತಿದ್ದ ಎಂದು ಅವಳು ಕೇಳಿಯೇ ಇಲ್ಲ. ಪಕ್ಕದಲ್ಲಿ ಹೆಂಡತಿ "ಅವರು ನನ್ನನ್ನ ಹಾಗೆ ಕರೀತಿರಲಿಲ್ವಲ್ಲ" ಅನ್ನುತ್ತಾಳೆ. ಅಷ್ಟರಲ್ಲಿ, ಪ್ರೇತವೇ ಎತ್ತಿತು ಅನ್ನಿಸುವ ಹಾಗೆ ಮೇಜು ಎತ್ತಬೇಕಾದ ಅವಳ ಮೊಣಕಾಲಿಗೆ ಜೋಮು ಹಿಡಿಯುತ್ತದೆ. ಇದೆಲ್ಲ ಗೊತ್ತಿರುವವರಿಗೆ ಮಾತ್ರ ನಗು.

ಕುತೂಹಲವೂ ಅಲ್ಲೇ ಇದೆ. ಕೊಲೆಗಾರ ಯಾರೆಂದು ಅವಳಿಗೆ ಗೊತ್ತು. ಪೊಲೀಸರಿಗೆ ಹೇಳಬೇಕಾದರೆ ಟಿಕೆಟ್ ಹೇಗೆ ಸಿಕ್ಕಿತು ಎಂದು ಹೇಳಬೇಕು. ಹೇಳಿದರೆ ಸ್ಲೇಡ್‌ಗೆ ಆದ ಮೂರು ತಿಂಗಳು ಇವಳಿಗೂ ಆಗುತ್ತದೆ, ಕೆಲಸದವಳ ಮೇಲೆ ಕಳ್ಳತನದ ಕೇಸು ಬೀಳುತ್ತದೆ. ಹೇಳದಿದ್ದರೆ ಕೊಲೆಗಾರ ಆರಾಮಾಗಿ ತಿರುಗಾಡುತ್ತಾನೆ, ಜೊತೆಗೆ ಇವಳಿಗೆ ಏನೋ ಗೊತ್ತಿದೆ ಅನ್ನುವುದು ಅವನಿಗೂ ಗೊತ್ತಾಗಿದೆ. ಈ ಇಕ್ಕಟ್ಟಿನ ಮೇಲೆ ಇಡೀ ಕಾದಂಬರಿ ನಿಲ್ಲಬಹುದಿತ್ತು. ನಾನು ಅದನ್ನು 40 ಪುಟಗಳಲ್ಲಿ ಹೂತುಹಾಕಿದ್ದೆ. ಬರೆದವರಾಗಿ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದೇ ವಿಷಯಕ್ಕೆ.

"ಆದರೆ ಮೊದಲೇ ಹೇಳಿಬಿಟ್ಟರೆ ರಹಸ್ಯ ಎಲ್ಲಿ ಉಳಿಯಿತು?" ಎಂದು ನಿಮಗೆ ಅನ್ನಿಸಬಹುದು. ಮೀಡಿಯಂ ನಕಲಿ ಅನ್ನುವುದು ಇವತ್ತಿನ ಓದುಗರಿಗೆ ರಹಸ್ಯವೇ ಅಲ್ಲ, ಮುಖಪುಟ ನೋಡಿದಾಗಲೇ ಅವರಿಗೆ ಗೊತ್ತು. ಗೊತ್ತಿಲ್ಲದ್ದು ಹೇಗೆ ಅನ್ನುವುದು. ಅದನ್ನು ಹತ್ತಿರದಿಂದ ತೋರಿಸಿ. ಇಟಲಿಯ ಮೀಡಿಯಂ ಯುಸಾಪಿಯಾ ಪಲಾಡಿನೋ ಮಾಡುತ್ತಿದ್ದ ಒಂದು ಕೈಚಳಕ ಕೇಳಿ. ಕತ್ತಲಲ್ಲಿ ಎಡಗಡೆ ಕೂತವರು ಅವಳ ಎಡಗೈ ಹಿಡಿದಿರುತ್ತಾರೆ, ಬಲಗಡೆಯವರು ಬಲಗೈ. ಅವಳು ಮೈಮೇಲೆ ಬಂದವರ ಹಾಗೆ ನಡುಗುತ್ತಾ, ಎರಡೂ ಕೈಗಳನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತರುತ್ತಾಳೆ. ಒಂದು ಜೋರಾದ ನಡುಕದಲ್ಲಿ ಒಂದು ಕೈ ಜಾರಿಸಿಕೊಳ್ಳುತ್ತಾಳೆ. ಈಗ ಇಬ್ಬರೂ ಹಿಡಿದಿರುವುದು ಒಂದೇ ಕೈ, ಒಬ್ಬರು ಬೆರಳು, ಇನ್ನೊಬ್ಬರು ಮಣಿಕಟ್ಟು. ಬಿಡುವಾದ ಕೈ ಪರದೆ ಎಳೆಯುತ್ತದೆ, ಗಂಟೆ ಬಾರಿಸುತ್ತದೆ. ದೀಪ ಹಚ್ಚಿದಾಗ ಇಬ್ಬರೂ "ನಾನು ಕೈ ಬಿಡಲೇ ಇಲ್ಲ" ಎಂದು ಪ್ರಮಾಣ ಮಾಡುತ್ತಾರೆ, ಅದು ಸುಳ್ಳೂ ಅಲ್ಲ. ಇಂಥದೊಂದು ದೃಶ್ಯವನ್ನು ಅವಳ ಕಡೆಯಿಂದ, ಅವಳ ಬೆವರುವ ಅಂಗೈಯಿಂದ ಬರೆಯಿರಿ. ಓದುಗರು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ನಿಮಗೆ ಓದುಗರನ್ನು ದಾರಿ ತಪ್ಪಿಸಲೇಬೇಕು ಎಂದಿದ್ದರೆ, ಸಾಕ್ಷಿಗಳ ನೆನಪನ್ನು ಹಿಡಿದುಕೊಳ್ಳಿ. ಎಸ್. ಜೆ. ಡೇವಿ ಎಂಬ ಹವ್ಯಾಸಿ ಜಾದೂಗಾರ, ಸ್ಲೇಡ್ ಮಾಡುತ್ತಿದ್ದ ಸ್ಲೇಟಿನ ವಿದ್ಯೆಯನ್ನೇ ಕಲಿತು, ಜನರನ್ನು ಕೂರಿಸಿ, ನಡೆದದ್ದನ್ನು ನೆನಪಿನಿಂದ ಬರೆದುಕೊಡಿ ಎಂದು ಕೇಳಿದರು. ಇಂಥ ಸಂಗತಿಗಳನ್ನು ಪರೀಕ್ಷಿಸಲೆಂದೇ 1882ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದ ಸಂಸ್ಥೆ ಅದನ್ನು 1887ರಲ್ಲಿ ಅಚ್ಚು ಹಾಕಿಸಿತು. ಬರೆದವರು ಓದುಬರಹ ಬಲ್ಲ ಪ್ರಾಮಾಣಿಕರು. ಆದರೂ ಘಟನೆಗಳ ಕ್ರಮ ತಿರುವುಮುರುವು. ಡೇವಿ ಒಂದು ಕ್ಷಣ ಗಮನ ಬೇರೆಡೆ ಸೆಳೆದದ್ದು ಬರಹದಲ್ಲೇ ಇಲ್ಲ, ಇಲ್ಲದ ಎಚ್ಚರಿಕೆಗಳೆಲ್ಲ ಇವೆ. ಇದೆಲ್ಲ ಬರೀ ಕೈಚಳಕ ಎಂದು ಡೇವಿಯೇ ಹೇಳಿದ ಮೇಲೂ, ಅವರಿಗೆ ನಿಜವಾದ ಶಕ್ತಿ ಇದೆ ಎಂದು ವಾದಿಸಿದವರಿದ್ದರು. ಪತ್ತೇದಾರಿ ಬರೆಯುವವರಿಗೆ ಇದಕ್ಕಿಂತ ಬೇರೆ ಏನು ಬೇಕು? ಸುಳ್ಳು ಹೇಳದ ಆರು ಜನ, ಆರು ಬೇರೆ ಬೇರೆ ಕಥೆ. ಅವರ ನಡುವೆ ಕೊಲೆಗಾರನ ಒಂದೇ ಒಂದು ಸುಳ್ಳನ್ನು ಬಚ್ಚಿಡಿ.

ನಿಜವಾದ ಪ್ರೇತದ ತಿರುವು ಬೇಡ. ಪತ್ತೇದಾರಿ ಕಥೆಗೆ 1929ರಲ್ಲಿ ರೊನಾಲ್ಡ್ ನಾಕ್ಸ್ ಹತ್ತು ನಿಯಮ ಬರೆದಾಗ ಎರಡನೆಯದೇ ಅತಿಮಾನುಷ ಶಕ್ತಿಗಳನ್ನು ಹೊರಗಿಡುವುದು. ಅವರು ಸ್ವತಃ ಪಾದ್ರಿ. ನಿಯಮ ಮುರಿಯಬಾರದು ಎಂದು ನಾನು ಹೇಳುತ್ತಿಲ್ಲ. ಪ್ರೇತ ನಿಜವಾದ ಗಳಿಗೆಯಲ್ಲಿ ನಿಮ್ಮ ನಾಯಕಿ ಅಷ್ಟು ದಿನ ಪಟ್ಟ ಶ್ರಮಕ್ಕೆ ಬೆಲೆ ಇಲ್ಲವಾಗುತ್ತದೆ, ನನಗೆ ಅವಳ ಬಗ್ಗೆ ಅಷ್ಟು ಮಮತೆ ಇದೆ.

ಗಿರಾಕಿಗಳನ್ನು ಮಾತ್ರ ದಡ್ಡರನ್ನಾಗಿ ಮಾಡಬೇಡಿ. ನನ್ನ ಮೊದಲ ಪ್ರತಿಯಲ್ಲಿ ಆ ವಿಧವೆ ಬರೀ ನಗೆಪಾಟಲು ಆಗಿದ್ದಳು. ಈಗ ಅವಳಿಗೆ ಮೊದಲ ದಿನವೇ ಅನುಮಾನ ಇದೆ. ಆದರೂ ಬರುತ್ತಾಳೆ, ಯಾಕೆಂದರೆ ವಾರಕ್ಕೊಮ್ಮೆ ಯಾರಾದರೂ ಗಂಡನ ಹೆಸರು ಜೋರಾಗಿ ಹೇಳುವುದು ಆ ಕೋಣೆಯಲ್ಲಿ ಮಾತ್ರ. ಅಮೆರಿಕದಲ್ಲಿ ಈ ಇಡೀ ಅಲೆಯನ್ನು 1848ರಲ್ಲಿ ಶುರುಮಾಡಿದ ಫಾಕ್ಸ್ ಅಕ್ಕತಂಗಿಯರಲ್ಲಿ ಮಾರ್ಗರೆಟ್, 40 ವರ್ಷದ ಮೇಲೆ ನ್ಯೂಯಾರ್ಕಿನ ವೇದಿಕೆಯಲ್ಲಿ ನಿಂತು, ಪ್ರೇತದ ಬಡಿತ ಅಂದದ್ದು ತನ್ನ ಕಾಲ್ಬೆರಳಿನ ಗೆಣ್ಣಿನ ಸದ್ದು ಎಂದು ಮಾಡಿ ತೋರಿಸಿದಳು. ಮರುವರ್ಷ ಆ ಮಾತನ್ನು ಹಿಂತೆಗೆದುಕೊಂಡಳು. ನಂಬಿದವರು ನಂಬಿಕೊಂಡೇ ಇದ್ದರು. ಅವರಿಗೆ ಬೇಕಾದದ್ದು ಏನಾಗಿತ್ತು ಎಂದು ಯೋಚಿಸಿದರೆ ನಿಮ್ಮ ವಿಧವೆ ತಾನಾಗಿ ಮಾತಾಡುತ್ತಾಳೆ.

ನಾನು ಕಳೆದ ವರ್ಷ ಮೊದಲ ಪುಟದಿಂದ ಮತ್ತೆ ಬರೆದೆ. ಈಗ ಕಥೆ ಶುರುವಾಗುವುದು ನಾಯಕಿ ತನ್ನ ಕಪ್ಪು ಲಂಗದ ನೆರಿಗೆಯೊಳಗೆ ಸ್ಲೇಟು ಹಿಡಿಸುವಷ್ಟು ದೊಡ್ಡ ಜೇಬು ಹೊಲಿಯುವುದರಿಂದ. ಪಕ್ಕದಲ್ಲಿ ಕೆಲಸದವಳು ಸ್ಲೇಡ್ ಕೇಸಿನ ಸುದ್ದಿಯನ್ನು ತಡವರಿಸಿ ಓದುತ್ತಿರುತ್ತಾಳೆ, ಮೂರು ತಿಂಗಳು ಎಂದಾಗ ಸೂಜಿ ಬೆರಳಿಗೆ ಚುಚ್ಚುತ್ತದೆ. ಟಿಕೆಟ್ 30ನೇ ಪುಟದಲ್ಲಿ ಸಿಗುತ್ತದೆ. ಅದೇ ಸ್ನೇಹಿತರಿಗೆ ಕೊಟ್ಟೆ. ಈ ಸಲ ಅಂಚಿನಲ್ಲಿ ಪೆನ್ಸಿಲ್ ಗುರುತು ಒಂದೇ ಕಡೆ: "ಎಲ್ಲರೂ ಕೈ ಹಿಡಿದುಕೊಂಡಿದ್ದರೆ ಗ್ಯಾಸ್ ದೀಪ ಮತ್ತೆ ಹಚ್ಚಿದ್ದು ಯಾರು?" ಆ ಅಧ್ಯಾಯವನ್ನು ಈಗ ಸರಿಮಾಡುತ್ತಿದ್ದೇನೆ.