ಮೇಕಪ್ ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಿದ್ದೀರಿ

ನಮಸ್ಕಾರ ಸರ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಳೆದ ಸಂಚಿಕೆಯಲ್ಲಿ ಹಳೆಯ ಹಾರರ್ ಸಿನಿಮಾಗಳ ಬಗ್ಗೆ ಬಂದ ಲೇಖನದಲ್ಲಿ ಬೋರಿಸ್ ಕಾರ್ಲಾಫ್ ಅವರನ್ನು ದೊಡ್ಡ ನಟ ಎಂದು ಕರೆದದ್ದು ನಿಮಗೆ ಸರಿ ಕಾಣಲಿಲ್ಲ. "ಮುಖದ ತುಂಬ ಮೇಕಪ್ ಮೆತ್ತಿಸಿಕೊಂಡು, ಒಂದು ಮಾತೂ ಆಡದೆ, ದೊಡ್ಡ ಬೂಟು ಹಾಕಿಕೊಂಡು ನಡೆದರೆ ಅದು ನಟನೆಯಾ? ಆ ಮೇಕಪ್ ತೆಗೆದರೆ ಏನು ಉಳಿಯುತ್ತದೆ? ಹೊಗಳುವುದಾದರೆ ಮೇಕಪ್ ಮಾಡಿದವರನ್ನು ಹೊಗಳಿ" ಎಂದಿದ್ದೀರಿ. ಒಂದೇ ಪಾತ್ರಕ್ಕೆ ಅಂಟಿಕೊಂಡ ಬದುಕು ವ್ಯರ್ಥ ಅಲ್ವಾ ಅಂತಲೂ ಕೇಳಿದ್ದೀರಿ.

ಸಾಮಾನ್ಯವಾಗಿ ಓದುಗರ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಹಾಕುತ್ತೇವೆ. ಈ ಸಲ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ. ಈ ಮನುಷ್ಯ ನನಗೆ ತುಂಬಾ ಇಷ್ಟ. ಜೊತೆಗೆ ನೀವು ಕೇಳಿದ್ದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ.

ಮೊದಲು ಒಂದು ದೃಶ್ಯ ಹೇಳುತ್ತೇನೆ. ಕಾರ್ಲಾಫ್ ರಾಕ್ಷಸ ಜೀವಿಯಾಗಿ ನಟಿಸಿದ 1931ರ 'ಫ್ರಾಂಕೆನ್‌ಸ್ಟೈನ್'. ಹೆಣಗಳ ತುಂಡು ಜೋಡಿಸಿ ಹುಟ್ಟಿಸಿದ ಆ ಜೀವಿಯನ್ನು ವಿಜ್ಞಾನಿ ಅಲ್ಲಿವರೆಗೂ ಕತ್ತಲಲ್ಲೇ ಇಟ್ಟಿರುತ್ತಾನೆ. ಅದು ಕೋಣೆಗೆ ಬರುತ್ತದೆ, ಕುರ್ಚಿಯಲ್ಲಿ ಕೂರುತ್ತದೆ. ಆತ ಚಾವಣಿಯ ಕಿಂಡಿ ತೆರೆಯುತ್ತಾನೆ. ಮೇಲಿಂದ ಬೆಳಕು ಸುರಿಯುತ್ತದೆ. ಅದು ಮುಖ ಎತ್ತುತ್ತದೆ. ನಿಧಾನಕ್ಕೆ ಎದ್ದು ನಿಲ್ಲುತ್ತದೆ. ಎರಡೂ ಕೈ ಮೇಲೆತ್ತಿ ಬೆಳಕನ್ನು ಹಿಡಿಯಲು ನೋಡುತ್ತದೆ. ಅಷ್ಟರಲ್ಲಿ ಕಿಂಡಿ ಮುಚ್ಚುತ್ತದೆ. ಆಗ ಆ ಕೈಗಳನ್ನು ಗಮನಿಸಿ. ಕೊಟ್ಟ ತಿಂಡಿಯನ್ನು ಕಿತ್ತುಕೊಂಡರೆ ಎಳೆ ಮಗು ಹೇಗೆ ಕೈ ಚಾಚುತ್ತದೋ ಹಾಗೆ ಚಾಚಿಕೊಂಡಿರುತ್ತವೆ. ಯಾಕೆ ಕೊಟ್ಟಿರಿ, ಯಾಕೆ ಕಿತ್ತುಕೊಂಡಿರಿ ಎಂದು ಆ ಕೈಗಳೇ ಕೇಳುತ್ತವೆ. ಆ ಕೈಗಳನ್ನು ಹಾಗೆ ಆಡಿಸಿದ್ದು ಮೇಕಪ್ ಅಲ್ಲ ಸರ್.

ಹಾಗಂತ ಮೇಕಪ್ ಮಾಡಿದ ಜ್ಯಾಕ್ ಪಿಯರ್ಸ್ ಅವರನ್ನು ಕಡಿಮೆ ಮಾಡಲಾರೆ. ಹತ್ತಿ, ಅಂಟು, ಬಣ್ಣಗಳಲ್ಲಿ ಪದರದ ಮೇಲೆ ಪದರ ಕಟ್ಟಿ ಆ ಚಪ್ಪಟೆ ತಲೆ, ಆ ಹಣೆ ಮಾಡಿದವರು ಅವರೇ. ದಿನಾ ಸುಮಾರು 4 ಗಂಟೆಯ ಕೆಲಸ. ಆದರೆ ಆ ಮುಖದಲ್ಲಿ ಕಾರ್ಲಾಫ್ ಅವರದೂ ಪಾಲಿದೆ. ತಮ್ಮ ಕಣ್ಣು ತೀರಾ ಚುರುಕಾಗಿ ಕಾಣುತ್ತಿದೆ, ಈಗಷ್ಟೇ ಹುಟ್ಟಿದ ಜೀವಕ್ಕೆ ಇಷ್ಟು ಚುರುಕು ಇರಬಾರದು ಎಂದು ಅವರಿಗೆ ಅನಿಸಿತು. ಅದಕ್ಕೇ ರೆಪ್ಪೆಗಳ ಮೇಲೆ ಮೇಣ ಹಚ್ಚಿ ಭಾರ ಮಾಡಿದರು. ಬಾಯಲ್ಲಿದ್ದ ಕಟ್ಟಿಸಿದ ಹಲ್ಲನ್ನು ತೆಗೆದಿಟ್ಟರು. ಒಂದು ಕೆನ್ನೆ ಒಳಗೆ ಸೇರಿ ಗುಳಿ ಬಿತ್ತು. ನಮ್ಮ ಯಕ್ಷಗಾನದ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಅಕ್ಕಿ ಹಿಟ್ಟಿನ ಚಿಟ್ಟಿ ಇಟ್ಟು ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರಲ್ಲ, ಅವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆ ಬಣ್ಣದ ಅಡಿಯಲ್ಲಿ ಯಾರಿದ್ದಾರೆ ಅನ್ನುವುದು ವೇಷ ರಂಗಕ್ಕೆ ಬಂದ ಕ್ಷಣದಲ್ಲೇ ಗೊತ್ತಾಗುತ್ತದೆ.

ಇನ್ನು ಬೂಟು. ಒಂದೊಂದೂ ಸುಮಾರು 6 ಕಿಲೋ. ಆಗಸ್ಟ್ ತಿಂಗಳ ಧಗೆಯಲ್ಲಿ ದಪ್ಪ ಬಟ್ಟೆ ತೊಟ್ಟು, ಆ ಬೂಟಿನಲ್ಲೇ ನಾಯಕನನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದರು, ಅದೂ ಒಂದು ಸಲವಲ್ಲ. ಬೆನ್ನು ನೋವು ಜೀವನಪೂರ್ತಿ ಬಿಡಲಿಲ್ಲ. ಆಗ ಅವರಿಗೆ 44 ತುಂಬುವುದರಲ್ಲಿತ್ತು. ಅದು ಅವರ 81ನೇ ಸಿನಿಮಾ ಎಂದು ಅವರೇ ಹೇಳುತ್ತಿದ್ದರು.

81ನೆಯದು! ಅಲ್ಲಿವರೆಗೆ ಏನು ಮಾಡುತ್ತಿದ್ದರು ಅಂದರೆ, ಸಿಕ್ಕಿದ್ದೆಲ್ಲ ಮಾಡುತ್ತಿದ್ದರು. ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ಹುಟ್ಟಿದ್ದು 1887ರಲ್ಲಿ, ಲಂಡನ್‌ನಲ್ಲಿ. ಅಪ್ಪ ಇಲ್ಲಿ, ಭಾರತದಲ್ಲಿ, ಬ್ರಿಟಿಷರ ಉಪ್ಪಿನ ತೆರಿಗೆ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಅಮ್ಮನ ಕಡೆಯ ಬೇರೂ ಇಲ್ಲಿನದೇ. ಸಯಾಮ್ (ಈಗಿನ ಥಾಯ್ಲೆಂಡ್) ರಾಜನ ಮಕ್ಕಳಿಗೆ ಪಾಠ ಹೇಳಿ ಹೆಸರಾದ ಆನಾ ಲಿಯೊನೋವೆನ್ಸ್ ಹುಟ್ಟಿದ್ದು ಅಹ್ಮದ್‌ನಗರದಲ್ಲಿ. ಆಕೆ ಕಾರ್ಲಾಫ್ ಅವರ ತಾಯಿಯ ತಾಯಿಗೆ ಸ್ವಂತ ತಂಗಿ. ಮನೆತನದಲ್ಲಿ ಭಾರತದ ರಕ್ತ ಇತ್ತು. ಹುಡುಗನ ಮೈಬಣ್ಣ ಸುತ್ತಲಿನ ಇಂಗ್ಲಿಷ್ ಹುಡುಗರಿಗಿಂತ ಕಪ್ಪು. ಸಾಲದ್ದಕ್ಕೆ ಉಗ್ಗು. ಉಗ್ಗನ್ನು ಹಟ ಹಿಡಿದು ಗೆದ್ದರು. 'ಸ' ಹೇಳುವಾಗ ನಾಲಿಗೆ ತೊಡರುವುದು ಮಾತ್ರ ಕೊನೆವರೆಗೂ ಉಳಿಯಿತು. ಅವರ ದನಿ ಕೇಳಿದರೆ ಈಗಲೂ ಗುರುತು ಸಿಗುತ್ತದೆ.

ಒಂಬತ್ತು ಮಕ್ಕಳಲ್ಲಿ ಕೊನೆಯವರು. ಅಣ್ಣಂದಿರಂತೆ ಸರ್ಕಾರಿ ನೌಕರಿ ಹಿಡಿಯಲಿ ಅಂತ ಮನೆಯವರ ಆಸೆ. ಇವರು 1909ರಲ್ಲಿ ಕೆನಡಾಕ್ಕೆ ಹಡಗು ಹತ್ತಿದರು. ಹೊಲದಲ್ಲಿ ಕೂಲಿ ಮಾಡಿದರು. ಊರೂರು ಸುತ್ತುವ ನಾಟಕ ಕಂಪನಿ ಸೇರಿದರು. ಬೋರಿಸ್ ಕಾರ್ಲಾಫ್ ಅನ್ನುವ ಹೆಸರಿಟ್ಟುಕೊಂಡರು. ಅಲ್ಲಿಂದ ಹಾಲಿವುಡ್‌ಗೆ ಬಂದು ಮೂಕಿ ಚಿತ್ರಗಳಲ್ಲಿ ಗುಂಪಿನಲ್ಲಿ ನಿಂತರು, ಪುಟ್ಟ ಪುಟ್ಟ ಪಾತ್ರ ಮಾಡಿದರು. ಅದೂ ಸಿಗದಾಗ ಲಾರಿ ಓಡಿಸಿದರು, ಸರಕು ಹೊತ್ತರು. ಹೀಗೇ ಹತ್ತು ವರ್ಷದ ಮೇಲಾಯಿತು. ಒಂದು ದಿನ ಯೂನಿವರ್ಸಲ್ ಸ್ಟುಡಿಯೋದ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ನಿರ್ದೇಶಕ ಜೇಮ್ಸ್ ವೇಲ್ ಕಣ್ಣಿಗೆ ಆ ಮುಖ ಬಿತ್ತು.

ಇಷ್ಟಾದ ಮೇಲೂ ಸಿನಿಮಾದ ಶುರುವಿನಲ್ಲಿ ಬರುವ ಪಟ್ಟಿಯಲ್ಲಿ ಜೀವಿಯ ಎದುರಿಗೆ ಅವರ ಹೆಸರಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಮೊದಲ ಪ್ರದರ್ಶನಕ್ಕೆ ಅವರನ್ನು ಕರೆಯಲೂ ಇಲ್ಲ. ಜನ ನೋಡಿದರು. ಅದೊಂದೇ ಸಾಕಾಯಿತು. ಮಾರನೇ ವರ್ಷ 'ದಿ ಮಮ್ಮಿ'. ಅದಕ್ಕೆ ಮೇಕಪ್ 8 ಗಂಟೆ.

'ಫ್ರಾಂಕೆನ್‌ಸ್ಟೈನ್'ನ ಕೆರೆಯ ದೃಶ್ಯದ ಬಗ್ಗೆ ನೀವು "ಮಗುವನ್ನು ಕೊಲ್ಲುವ ಕ್ರೌರ್ಯ" ಎಂದು ಬರೆದಿದ್ದೀರಿ. ಅಲ್ಲಿ ನಡೆಯುವುದು ಇದು. ಪುಟ್ಟ ಹುಡುಗಿ ಒಬ್ಬಳೇ ಆಡುತ್ತಿದ್ದಾಳೆ. ಜೀವಿ ಬರುತ್ತದೆ. ಆಕೆ ಹೆದರುವುದಿಲ್ಲ, ಅದರ ಕೈಗೆ ಹೂ ಕೊಡುತ್ತಾಳೆ. ಇಡೀ ಸಿನಿಮಾದಲ್ಲಿ ಆ ಮುಖ ನಗುವುದು ಅಲ್ಲಿ. ಇಬ್ಬರೂ ಹೂಗಳನ್ನು ನೀರಿಗೆ ಎಸೆಯುತ್ತಾರೆ, ಹೂಗಳು ತೇಲುತ್ತವೆ. ಹೂ ಮುಗಿಯುತ್ತದೆ. ಹುಡುಗಿಯೂ ತೇಲುತ್ತಾಳೆ ಅಂದುಕೊಂಡು ಅದು ಅವಳನ್ನೆತ್ತಿ ನೀರಿಗೆ ಹಾಕುತ್ತದೆ. ಆಕೆ ಮೇಲೆ ಬರುವುದಿಲ್ಲ. ಅದು ಗಾಬರಿಯಾಗಿ, ಕೈ ಏನು ಮಾಡಬೇಕೋ ತಿಳಿಯದೆ ತಡವರಿಸುತ್ತಾ ಓಡುತ್ತದೆ. ಹುಡುಗಿಯನ್ನು ಹಾಗೆ ಎತ್ತಿ ಎಸೆಯುವುದು ಕಾರ್ಲಾಫ್ ಅವರಿಗೆ ಇಷ್ಟವಿರಲಿಲ್ಲ. ಮೆಲ್ಲಗೆ ಇಳಿಸೋಣ ಎಂದು ವಾದಿಸಿದರು. ನಿರ್ದೇಶಕರು ಒಪ್ಪಲಿಲ್ಲ. ಆಮೇಲೆ ಸೆನ್ಸಾರಿನವರು ಎಸೆಯುವ ಭಾಗವನ್ನು ಕತ್ತರಿಸಿದರು. ಅದರಿಂದ ಇನ್ನೂ ಕೆಟ್ಟದಾಯಿತು. ಜೀವಿ ಹುಡುಗಿಯತ್ತ ಕೈ ಚಾಚುವುದು ಕಾಣುತ್ತದೆ, ಮುಂದೆ ಅಪ್ಪ ಮಗಳ ಹೆಣ ಹೊತ್ತು ಬರುವುದು ಕಾಣುತ್ತದೆ. ನಡುವೆ ಏನಾಯಿತು ಎಂದು ನೋಡಿದವರು ಏನೇನೋ ಊಹಿಸಿಕೊಂಡರು. ಬಿಟ್ಟುಹೋದ ತುಣುಕು ಮತ್ತೆ ಸೇರಿದ್ದು 1980ರ ದಶಕದಲ್ಲಿ. ನೀವು ನೋಡಿದ ಪ್ರತಿಯಲ್ಲಿ ಅದು ಇಲ್ಲದಿದ್ದರೆ, ಇರುವ ಪ್ರತಿಯನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಶೂಟಿಂಗ್ ಜಾಗಕ್ಕೆ ಹೋಗುವಾಗ ಆ ಪೂರ್ತಿ ವೇಷದಲ್ಲಿದ್ದವರ ಕೈ ಹಿಡಿದು, ನಾನೂ ನಿಮ್ಮ ಕಾರಿನಲ್ಲೇ ಬರುತ್ತೇನೆ ಎಂದು ಹತ್ತಿ ಕೂತಿದ್ದಳಂತೆ ಆ ಪುಟ್ಟ ನಟಿ. ಆ ಜೀವಿಗೆ ಮರುಕ ತೋರಿಸಿ ಮಕ್ಕಳು ಕಾರ್ಲಾಫ್ ಅವರಿಗೆ ಪತ್ರ ಬರೆಯುತ್ತಿದ್ದರು. ದೊಡ್ಡವರಿಗೆ ರಾಕ್ಷಸ ಕಂಡ ಜಾಗದಲ್ಲಿ ಅವರಿಗೆ ಯಾರೂ ಇಲ್ಲದ ಒಂದು ಜೀವ ಕಂಡಿತ್ತು.

ಒಂದೇ ಪಾತ್ರಕ್ಕೆ ಅಂಟಿಕೊಂಡ ಬದುಕು ಅಂದಿರಿ. ಆ ಮಾತು ಹೆಚ್ಚು ಒಪ್ಪುವುದು ಬೆಲಾ ಲುಗೋಸಿ ಅವರಿಗೆ. ಅದೇ 1931ರಲ್ಲಿ, ಅದೇ ಸ್ಟುಡಿಯೋದಲ್ಲಿ ಡ್ರಾಕುಲಾ ಆದವರು. ಎಂಥ ನಟ! ಆದರೆ ಹಂಗೇರಿಯ ಆ ಉಚ್ಚಾರಣೆಯೇ ಅವರನ್ನು ಕಟ್ಟಿಹಾಕಿತು. ಪಾತ್ರಗಳು ಚಿಕ್ಕದಾದವು, ದುಡ್ಡು ಕಡಿಮೆಯಾಯಿತು, ನೋವಿಗೆ ತೆಗೆದುಕೊಂಡ ಔಷಧಿಯೇ ಚಟವಾಯಿತು. 1955ರಲ್ಲಿ ತಾವಾಗಿಯೇ ಆಸ್ಪತ್ರೆ ಸೇರಿದರು. ಮರುವರ್ಷ ತೀರಿಕೊಂಡಾಗ ಡ್ರಾಕುಲಾನ ನಿಲುವಂಗಿಯಲ್ಲೇ ಮಣ್ಣು ಮಾಡಿದರು. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾರ್ಲಾಫ್ ದಾರಿ ಬೇರೆ. ಆ ಜೀವಿಯ ಪಾತ್ರವನ್ನು ಸಿನಿಮಾದಲ್ಲಿ ಮೂರೇ ಸಲ ಮಾಡಿದರು. 1939ರಲ್ಲಿ ಮೂರನೆಯದು ಮುಗಿದ ಮೇಲೆ, ಇದರಲ್ಲಿ ಇನ್ನು ಮಾಡುವುದೇನೂ ಉಳಿದಿಲ್ಲ, ಮುಂದೆ ಇದು ನಗೆಪಾಟಲಾಗುತ್ತದೆ ಎಂದು ಬಿಟ್ಟುಬಿಟ್ಟರು. ಆದರೆ ಎಲ್ಲೂ ಅದನ್ನು ಹಳಿಯಲಿಲ್ಲ. ನನ್ನ ಬದುಕೆಲ್ಲ ಅವನು ಕೊಟ್ಟದ್ದು, ಅವನು ನನ್ನ ಗೆಳೆಯ ಎಂದೇ ಹೇಳುತ್ತಿದ್ದರು. 1933ರಲ್ಲಿ ಸಿನಿಮಾ ಕೆಲಸಕ್ಕೆ ಇಂಗ್ಲೆಂಡಿಗೆ ಹೋದಾಗ, ದೊಡ್ಡ ಹುದ್ದೆಯ ಅಣ್ಣಂದಿರು ಏನಂದುಕೊಂಡಾರೋ ಎಂಬ ಅಳುಕು ಇತ್ತು. ಅವರೋ ತಮ್ಮನ ಜೊತೆ ಫೋಟೋಗೆ ಯಾರು ಎಲ್ಲಿ ನಿಲ್ಲಬೇಕು ಎಂದು ಸಂಭ್ರಮಪಟ್ಟರು.

ಅದೇ ವರ್ಷ ಹಾಲಿವುಡ್ ನಟರು ತಮ್ಮ ಸಂಘ ಕಟ್ಟಿದಾಗ ಮುಂದೆ ನಿಂತವರಲ್ಲಿ ಇವರೂ ಒಬ್ಬರು. ಸದಸ್ಯತ್ವ ಸಂಖ್ಯೆ 9. ಹೊತ್ತುಗೊತ್ತಿಲ್ಲದೆ ದುಡಿಸಿಕೊಳ್ಳುವುದು ಏನು ಅಂತ ಆ ಬೂಟು ಹಾಕಿದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಹೆಸರು ಬಂದ ಮೇಲೂ ಗುಂಪಿನಲ್ಲಿ ನಿಲ್ಲುವ ಚಿಕ್ಕ ನಟರನ್ನು ಅವರು ಮರೆಯಲಿಲ್ಲ. ನನಗೆ ಅವರ ಮೇಲೆ ಗೌರವ ಮೂಡಿದ್ದು ಸಿನಿಮಾಗಳಿಗಿಂತ ಮೊದಲು ಈ ಸಂಗತಿ ಓದಿ.

1941ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕವೊಂದರಲ್ಲಿ ಕೊಲೆಗಾರನ ಪಾತ್ರ. ನೀನು ಬೋರಿಸ್ ಕಾರ್ಲಾಫ್ ಥರ ಕಾಣ್ತೀಯ ಅಂದಿದ್ದಕ್ಕೆ ಒಬ್ಬನನ್ನು ಕೊಂದೆ ಎನ್ನುತ್ತದೆ ಆ ಪಾತ್ರ. ತಮ್ಮ ಹೆಸರಿನ ಮೇಲಿನ ಆ ತಮಾಷೆಯನ್ನು ರಂಗದ ಮೇಲೆ ತಾವೇ ಆಡಿ ಜನರನ್ನು ನಗಿಸಿದರು. 1945ರ 'ದಿ ಬಾಡಿ ಸ್ನ್ಯಾಚರ್'ನಲ್ಲಿ ಹೆಣ ಕದ್ದು ವೈದ್ಯರಿಗೆ ಮಾರುವ ಗಾಡಿಯವನಾದರು. ನನ್ನ ಲೆಕ್ಕದಲ್ಲಿ ಅವರ ಅತಿ ಒಳ್ಳೆಯ ಕೆಲಸ ಅದು. ನಡೆಯಲಾರದ ಹುಡುಗಿಯನ್ನು ಎತ್ತಿಕೊಂಡು ಕುದುರೆಯನ್ನು ಮುಟ್ಟಿಸುತ್ತಾನೆ ಆ ಗಾಡಿಯವನು, ಅಷ್ಟು ಪ್ರೀತಿಯಿಂದ. ಅದೇ ಕೈ ಆಮೇಲೆ ಕೊಲೆ ಮಾಡುತ್ತದೆ. ಅಲ್ಲಿ ಹತ್ತಿಯೂ ಇಲ್ಲ, ಅಂಟೂ ಇಲ್ಲ. ಬರೀ ಮುಖ, ಬರೀ ದನಿ. 1966ರಲ್ಲಿ ಕ್ರಿಸ್‌ಮಸ್ ಕದಿಯುವ ಗ್ರಿಂಚ್‌ನ ಕಾರ್ಟೂನಿಗೆ ಆ ದನಿಯೇ ಕಥೆ ಹೇಳಿತು. ಅದರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಬಂತು, ಮಕ್ಕಳ ವಿಭಾಗದಲ್ಲಿ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಮಾತ್ರ 1968ರ 'ಟಾರ್ಗೆಟ್ಸ್'ನಲ್ಲಿದೆ. ನಿರ್ಮಾಪಕ ರೋಜರ್ ಕಾರ್ಮನ್‌ಗೆ ಅವರಿಂದ ಎರಡು ದಿನದ ಕೆಲಸ ಬಾಕಿ ಬರಬೇಕಿತ್ತು. ಅದನ್ನು ಬಳಸಿಕೊಂಡು ಹೊಸಬರಾದ ಪೀಟರ್ ಬಾಗ್ಡನೋವಿಚ್ ಒಂದು ಸಿನಿಮಾ ಮಾಡಿದರು. ಕಾರ್ಲಾಫ್ ಅವರಿಗೆ ಆಗ 80ರ ಹತ್ತಿರ. ಶ್ವಾಸಕೋಶ ಕೆಟ್ಟಿತ್ತು, ಕಾಲಿಗೆ ಪಟ್ಟಿ ಕಟ್ಟಿಕೊಳ್ಳದೆ ನಡೆಯಲು ಆಗುತ್ತಿರಲಿಲ್ಲ. ಪಾತ್ರ ಒಬ್ಬ ಮುದಿ ಹಾರರ್ ನಟನದು. ಹೊರಗೆ ಪೇಪರಿನಲ್ಲೇ ಇಷ್ಟು ಭಯಾನಕ ಸುದ್ದಿ ಇರುವಾಗ ನನ್ನ ಸಿನಿಮಾಕ್ಕೆ ಯಾರು ಹೆದರುತ್ತಾರೆ, ಸಾಕು ಮಾಡುತ್ತೇನೆ ಎನ್ನುವವನು. ಅದರಲ್ಲೊಂದು ಕಡೆ ಸಾವಿನ ಬಗ್ಗೆ ಒಂದು ಪುಟ್ಟ ಹಳೇ ಕಥೆ ಹೇಳುತ್ತಾನೆ. ಸೂಟು ಹಾಕಿಕೊಂಡು ಕೂತ ವಯಸ್ಸಾದ ಮನುಷ್ಯ. ಕ್ಯಾಮೆರಾ ನಿಧಾನಕ್ಕೆ ಆ ಮುಖದ ಹತ್ತಿರ ಹೋಗುತ್ತದೆ. ಸುಕ್ಕು, ಬಿಳಿ ಹುಬ್ಬು, ಆ ತೊಡರುವ 'ಸ'. ಕೈಯಲ್ಲಿ ಕಾಗದವಿಲ್ಲ. ಒಂದೇ ಟೇಕ್‌ನಲ್ಲಿ ಕಥೆ ಮುಗಿಸಿದರು. ಕ್ಯಾಮೆರಾ ನಿಂತ ಮೇಲೆ, ಸೆಟ್‌ನಲ್ಲಿದ್ದ ಲೈಟಿನವರು, ಸಹಾಯಕರು ಎಲ್ಲರೂ ಚಪ್ಪಾಳೆ ತಟ್ಟಿದರು.

ಸಿನಿಮಾ ಬಿಡುಗಡೆಯಾಗಿ ಆರು ತಿಂಗಳು ತುಂಬುವ ಮೊದಲೇ, 1969ರ ಫೆಬ್ರವರಿ 2ರಂದು, ಇಂಗ್ಲೆಂಡಿನಲ್ಲಿ ತೀರಿಕೊಂಡರು. ಆ ಒಂದು ದೃಶ್ಯ ನೋಡಿ ಸರ್. ನೋಡಿದ ಮೇಲೆ ಮತ್ತೆ ಬರೆಯಿರಿ, ಕಾಯುತ್ತೇನೆ.

— ಸಂಪಾದಕ